ಎಲೆಕ್ಟ್ರಿಕ್ ಗಿಟಾರಿಗೆ ನಾನು ತಂತಿ ಆರಿಸಿಕೊಂಡ ಬಗೆ

ಹಲವು ವರ್ಷಗಳ ಕಾಲ ನನ್ನ ಎರಡು ಗಿಟಾರುಗಳಿಗೂ ಒಂದೇ ಕಂಪನಿಯ, ಒಂದೇ ಗೇಜಿನ (ದಪ್ಪದ) ತಂತಿಗಳನ್ನು ಹಾಕಿ, ಒಂದೇ ಶ್ರುತಿಯಲ್ಲಿ ನುಡಿಸುತ್ತಿದ್ದೆ. ಆದರೂ ಒಂದರ ಮೇಲೆ ಸಲೀಸಾಗಿ ಏರುತ್ತಿದ್ದ ಬೆಂಡ್ (ತಂತಿಯನ್ನು ಬದಿಗೆಳೆದು ಸ್ವರ ಏರಿಸುವುದು) ಇನ್ನೊಂದರ ಮೇಲೆ ಏರುವಷ್ಟು ಏರದೆ, ಸ್ವರ ಪ್ರತಿಸಲವೂ ತುಸು ಕೆಳಗೇ ಉಳಿಯುತ್ತಿತ್ತು. ಬೆರಳಿಗೆ ಸಾಧನೆ ಸಾಲದೆಂದು ನಂಬಿ ಆ ಗಿಟಾರನ್ನೇ ಹೆಚ್ಚು ಹೊತ್ತು ಹಿಡಿದು ಕೂರುತ್ತಿದ್ದೆ. ಕೊನೆಗೊಂದು ದಿನ ಎರಡನ್ನೂ ಪಕ್ಕಪಕ್ಕ ಮಲಗಿಸಿ ತಲೆಯ ಬಳಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ, ಒಡಲಿನ ಮೇಲೆ ಅವು ಕೂರುವ ಬ್ರಿಡ್ಜ್‌ವರೆಗೆ ಅಳೆದಾಗ ಕಾರಣ ಕಣ್ಣಿಗೆ ಬಿತ್ತು. ಲೆಸ್ ಪಾಲ್ ಮಾದರಿಯದು 24.75 ಇಂಚಿನ ಸ್ಕೇಲ್ (ಈ ಅಳತೆಯ ಹೆಸರು), ಸ್ಟ್ರಾಟೊಕಾಸ್ಟರ್ ಮಾದರಿಯದು 25.5 ಇಂಚಿನದು. ಮುಕ್ಕಾಲು ಇಂಚು ಉದ್ದ ಹೆಚ್ಚಾದರೆ ಅದೇ ತಂತಿಯನ್ನು ಅದೇ ಸ್ವರಕ್ಕೆ ತರಲು ಸುಮಾರು 6 ಶೇಕಡಾ ಹೆಚ್ಚು ಬಿಗಿಯಬೇಕಾಗುತ್ತದೆ. ನನ್ನ ಬೆರಳು ಅಷ್ಟು ದಿನ ದೂರುತ್ತಿದ್ದುದು ಈ 6 ಶೇಕಡಾವನ್ನೇ.

ಅಲ್ಲಿಯವರೆಗೆ ನಾನು ಪ್ಯಾಕೆಟ್ಟಿನ ಮೇಲಿನ ಅಂಕಿಯನ್ನು ನೋಡಿ ತಂತಿ ಕೊಳ್ಳುತ್ತಿದ್ದೆ. 9ರ ಸೆಟ್, 10ರ ಸೆಟ್ ಎಂದು ನಾವು ಕರೆಯುವುದು ಮೊದಲ ತಂತಿಯ ದಪ್ಪವನ್ನು. 10 ಎಂದರೆ ಇಂಚಿನ ಸಾವಿರದಲ್ಲಿ ಹತ್ತು ಪಾಲು, ಅಂದರೆ 0.254 ಮಿಲಿಮೀಟರ್. 9ಕ್ಕೂ 10ಕ್ಕೂ ಇರುವ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ತಂತಿಯ ತೂಕವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಬಿಗಿತವೂ ಹಾಗೆಯೇ ಏರುತ್ತದೆ. 25.5 ಇಂಚಿನ ಗಿಟಾರಿನಲ್ಲಿ ಮೊದಲ ತಂತಿಯನ್ನು ಇ ಸ್ವರಕ್ಕೆ ತಂದಾಗ 9ರ ತಂತಿ ಸುಮಾರು 5.9 ಕೆಜಿ ಬಿಗಿತದಲ್ಲಿರುತ್ತದೆ, 10ರದ್ದು 7.3 ಕೆಜಿ, 11ರದ್ದು 8.9 ಕೆಜಿ. ಆರೂ ತಂತಿಗಳನ್ನು ಕೂಡಿದರೆ 9–42 ಸೆಟ್ಟು (ಮೊದಲ ತಂತಿ 9, ಆರನೆಯದು 42) ಕುತ್ತಿಗೆಯನ್ನು ಸುಮಾರು 38 ಕೆಜಿಯಷ್ಟು ಎಳೆದರೆ, 10–46 ಸೆಟ್ಟು 46–47 ಕೆಜಿಯಷ್ಟು ಎಳೆಯುತ್ತದೆ. ಪ್ಯಾಕೆಟ್ಟಿನ ಮೇಲೆ ಒಂದೇ ಒಂದು ಅಂಕಿ ಬದಲಾದಾಗ ಗಿಟಾರಿನ ಮೇಲೆ ಎಂಟು ಕೆಜಿಗೂ ಹೆಚ್ಚು ಹೊರೆ ಬೀಳುತ್ತದೆ ಎಂಬುದನ್ನು ತಿಳಿದ ಮೇಲೆ ನಾನು ಗೇಜಿನ ಲೆಕ್ಕ ಬಿಟ್ಟು ಬಿಗಿತದ ಲೆಕ್ಕದಲ್ಲಿ ಯೋಚಿಸತೊಡಗಿದೆ. ದಪ್ಪ, ಸ್ಕೇಲಿನ ಉದ್ದ, ಶ್ರುತಿ ಈ ಮೂರೂ ಸೇರಿ ಬಿಗಿತವನ್ನು ನಿರ್ಧರಿಸುತ್ತವೆಯಾದ್ದರಿಂದ, ಗಿಟಾರು ಯಾವುದು, ಯಾವ ಶ್ರುತಿಯಲ್ಲಿ ನುಡಿಸುತ್ತೀರಿ ಎಂದು ಕೇಳದೆ ಯಾರಿಗೂ ಇಂಥ ತಂತಿ ಹಾಕಿ ಎಂದು ನಾನೀಗ ಹೇಳುವುದಿಲ್ಲ.

ಈ ತಿಳಿವಳಿಕೆ ಬರುವ ಮುಂಚೆ ಒಂದು ತಪ್ಪನ್ನೂ ಮಾಡಿದ್ದೆ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ದಪ್ಪ ತಂತಿಗಳಲ್ಲಿ ನುಡಿಸುತ್ತಿದ್ದರೆಂಬುದು ಗಿಟಾರ್ ನುಡಿಸುವ ಎಲ್ಲರಿಗೂ ಗೊತ್ತಿರುವ ಮಾತು. ಆ ತುಂಬು ನಾದದ ಮೂಲ ದಪ್ಪ ತಂತಿಯಲ್ಲೇ ಇದೆ ಎಂದುಕೊಂಡು ನಾನು 9ರ ಸೆಟ್ ಇದ್ದ ಸ್ಟ್ರಾಟ್ ಮಾದರಿಗೆ ನೇರವಾಗಿ 11–49 ಹಾಕಿದೆ. ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು ನುಡಿಸುತ್ತಿದ್ದರು, ಅರ್ಧ ಸ್ವರ ಇಳಿಸಿದರೆ ಬಿಗಿತ ಸುಮಾರು 11 ಶೇಕಡಾ ತಗ್ಗುತ್ತದೆ ಎಂಬುದನ್ನು ಆಗ ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ. ಮೂರು ವಾರ ಹಟ ಹಿಡಿದು ನುಡಿಸಿದೆ. ಉಂಗುರ ಬೆರಳಿನ ಗೆಣ್ಣು ಬೆಳಗ್ಗೆ ಏಳುವಾಗಲೇ ನೋಯುತ್ತಿತ್ತು. ಬೆಂಡ್ ಮಾಡುವಾಗ ಬೆರಳಿಗೆ ಬಲ ಸಾಲದೆ ಮಣಿಕಟ್ಟನ್ನೇ ತಿರುಗಿಸುವ ಅಭ್ಯಾಸ ಬಿದ್ದಿತು. ರಾಕ್ ಗಿಟಾರ್ ವಾದಕ ಬಿಲ್ಲಿ ಗಿಬ್ಬನ್ಸ್ 7ರ ತಂತಿಯಲ್ಲಿ ಅಷ್ಟು ದಪ್ಪನೆಯ ನಾದ ತೆಗೆಯುತ್ತಾರೆಂಬುದನ್ನು ಆಮೇಲೆ ತಿಳಿದಾಗ, ನಾದದ ತೂಕಕ್ಕೆ ತಂತಿಯ ದಪ್ಪವನ್ನೊಂದೇ ಕಾರಣವಾಗಿ ಹಿಡಿಯುವುದನ್ನು ಬಿಟ್ಟೆ. ದಪ್ಪ ತಂತಿ ಪಿಕಪ್ಪಿಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಭಾಗ) ಹೆಚ್ಚು ಸಂಕೇತ ಕೊಡುವುದು, ಬಲವಾಗಿ ಮೀಟಿದರೂ ಸ್ವರ ಅಲ್ಲಾಡದೆ ನಿಲ್ಲುವುದು ನಿಜವೇ. ಆದರೆ ಕೈ ನೋಯುತ್ತಿದ್ದರೆ ಮೀಟುವ ಬಲವೇ ಕುಗ್ಗಿ ಆ ಲಾಭ ದಕ್ಕುವುದಿಲ್ಲ.

ಗಿಟಾರಿಗೂ ಆ 11ರ ಸೆಟ್ಟು ಒಗ್ಗಲಿಲ್ಲ. ಸ್ಟ್ರಾಟ್ ಮಾದರಿಯ ತೇಲುವ ಬ್ರಿಡ್ಜ್ ಒಂದು ತಕ್ಕಡಿಯಂತೆ: ಮೇಲಿಂದ ತಂತಿಗಳು ಎಳೆಯುತ್ತವೆ, ಹಿಂಬದಿಯ ಪೊಟರೆಯಲ್ಲಿರುವ ಸ್ಪ್ರಿಂಗುಗಳು ಅದಕ್ಕೆ ಎದುರಾಗಿ ಎಳೆಯುತ್ತವೆ. ತಂತಿಯ ಕಡೆ ತೂಕ ಹೆಚ್ಚಾದ ಕೂಡಲೇ ಬ್ರಿಡ್ಜಿನ ಹಿಂಭಾಗ ಮೇಲೆದ್ದು, ತಂತಿಗಳೆಲ್ಲ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ ಫ್ರೆಟ್ ಬೋರ್ಡಿನಿಂದ ದೂರ ಸರಿದವು. ಒಂದು ತಂತಿಯನ್ನು ಶ್ರುತಿಗೆ ತಂದರೆ ಉಳಿದ ಐದೂ ಇಳಿಯುತ್ತಿದ್ದವು. ಹಿಂಬದಿಯ ಮುಚ್ಚಳ ಬಿಚ್ಚಿ, ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಬಿಗಿಯುವುದು, ಆರೂ ತಂತಿಗಳನ್ನು ಮತ್ತೆ ಶ್ರುತಿ ಮಾಡುವುದು, ಬ್ರಿಡ್ಜ್ ಎಷ್ಟು ಕುಳಿತಿತೆಂದು ಪಕ್ಕದಿಂದ ನೋಡುವುದು. ಹೀಗೆ ಏಳೆಂಟು ಸಲ ಮಾಡಿದ ಮೇಲೆ ಅದು ಸಮನಾಗಿ ನಿಂತಿತು. ಸ್ಥಿರ ಬ್ರಿಡ್ಜ್ ಇರುವ ಗಿಟಾರಿನಲ್ಲಿ ಈ ಕಷ್ಟವಿಲ್ಲ. ಗೇಜುಗಳನ್ನು ಮೇಲಿಂದ ಮೇಲೆ ಬದಲಿಸಿ ನೋಡಬೇಕೆನ್ನುವವರು ಆ ಪ್ರಯೋಗವನ್ನು ಅದರಲ್ಲೇ ಮಾಡುವುದು ಒಳ್ಳೆಯದು.

ನಟ್‌ನಲ್ಲಿ ಇನ್ನೊಂದು ತೊಡಕು ಕಾದಿತ್ತು. ಆರನೆಯ ತಂತಿಯ ಪೆಗ್ (ಶ್ರುತಿಯ ತಿರುಪು) ತಿರುಗಿಸುವಾಗ ಶ್ರುತಿ ಮೀಟರಿನ ಮುಳ್ಳು ಕದಲದೆ ನಿಂತು, ಆಮೇಲೆ ‘ಟಿಕ್’ ಎಂಬ ಸಣ್ಣ ಸದ್ದಿನೊಂದಿಗೆ ಒಮ್ಮೆಲೇ ಮೇಲಕ್ಕೆ ಹಾರುತ್ತಿತ್ತು. 42ರ ತಂತಿಗೆಂದು ಕೊರೆದ ಕಚ್ಚಿನಲ್ಲಿ 49ರ ತಂತಿ ಸಿಕ್ಕಿಕೊಂಡು, ಬಿಗಿತ ಆಚೆ ಸೇರಿದಾಗ ಜಾರುತ್ತಿತ್ತು. ತೆಳು ತಂತಿಯಿಂದ ದಪ್ಪ ತಂತಿಗೆ ಹೋಗುವವರೆಲ್ಲರೂ ಈ ಸದ್ದಿಗೆ ಕಿವಿಗೊಡಬೇಕು, ಏಕೆಂದರೆ ಶ್ರುತಿ ನಿಲ್ಲುತ್ತಿಲ್ಲವೆಂದು ಪೆಗ್ಗನ್ನು ಬೈಯುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಇರುವುದು ನಟ್‌ನಲ್ಲಿ. ಸ್ವಲ್ಪವೇ ಹಿಡಿಯುತ್ತಿದ್ದರೆ ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಕಚ್ಚಿನಲ್ಲಿ ಉಜ್ಜಿದರೆ ಸಾಕಾಗುತ್ತದೆ. ಕಚ್ಚೇ ಕಿರಿದಾಗಿದ್ದರೆ ಅದಕ್ಕೆಂದೇ ಇರುವ ಅರದಿಂದ ಅಗಲ ಮಾಡಬೇಕು. ಆಳ ಹೆಚ್ಚಾದರೆ ಖಾಲಿ ತಂತಿ ಮೊದಲ ಫ್ರೆಟ್ಟಿಗೆ ತಗುಲಿ ಝೇಂಕರಿಸುತ್ತದೆ ಮತ್ತು ಕೊರೆದುಹೋದದ್ದು ಮರಳಿ ತುಂಬುವುದಿಲ್ಲವಾದ್ದರಿಂದ ಆ ಕೆಲಸವನ್ನು ನಾನು ಕೈ ಪಳಗಿದವರಿಗೆ ಕೊಟ್ಟೆ.

11ನ್ನು ತೆಗೆದು ತೆಳು ತಂತಿಗೆ ಮರಳಿದಾಗ ಸಮಸ್ಯೆ ತಿರುಗುಮುರುಗಾಯಿತು. ದಪ್ಪ ತಂತಿಯ ಎಳೆತಕ್ಕೆಂದು ಬಿಗಿದಿದ್ದ ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ಈಗ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಝೇಂಕಾರ ಶುರುವಾಯಿತು. ಕುತ್ತಿಗೆಯ ಬಾಗನ್ನು ನಾನು ಅಳೆಯುವುದು ಹೀಗೆ: ಆರನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಹದಿನೇಳನೆಯದರಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ತಲೆಗೂ ತಂತಿಯ ಅಡಿಗೂ ನಡುವೆ ಎಷ್ಟು ಸಂದಿಯಿದೆ ಎಂದು ನೋಡುತ್ತೇನೆ. ಹಳೆಯ ಸೆಟ್ಟಿನಿಂದ ಕತ್ತರಿಸಿಟ್ಟ 10ರ ತಂತಿಯ ತುಂಡನ್ನು ಆ ಸಂದಿಯಲ್ಲಿ ತೂರಿಸಿ, ಅದು ಮೇಲಿನ ತಂತಿಯನ್ನು ಎತ್ತದೆ ಎರಡೂ ಕಡೆ ಸವರಿಕೊಂಡು ಹೋದರೆ ಕಾಲು ಮಿಲಿಮೀಟರ್ ಇದೆ ಎಂದರ್ಥ, ನನ್ನ ಕೈಗೆ ಅಷ್ಟು ಹಿತ. ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ, ತಿರುಗಿಸಿದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯುತ್ತೇನೆ.

ಇಷ್ಟೆಲ್ಲ ಆದ ಮೇಲೆ ಆಯ್ಕೆ ಸುಲಭವಾಯಿತು. ನನ್ನ ಕೈಗೆ ಒಗ್ಗಿದ್ದು ಚಿಕ್ಕ ಸ್ಕೇಲಿನ ಗಿಟಾರಿನ ಮೇಲಿನ 10–46. ಅದರಲ್ಲಿ ಮೊದಲ ತಂತಿಯ ಬಿಗಿತ ಸುಮಾರು 6.9 ಕೆಜಿ. ಉದ್ದ ಸ್ಕೇಲಿನ ಗಿಟಾರಿಗೆ ಅದೇ ಅನುಭವ ಬರಬೇಕಾದರೆ 9 ಸಡಿಲ, 10 ಬಿಗಿ, ನಡುವಿನ 9.5–44 ಸೆಟ್ಟಿನಲ್ಲಿ ಮೊದಲ ತಂತಿ 6.6 ಕೆಜಿಗೆ ನಿಲ್ಲುತ್ತದೆ. ಅರ್ಧ ಅಂಕಿಯ ಇಂಥ ಸೆಟ್ಟುಗಳು ಸಿಗುತ್ತವೆಂಬುದೇ ನನಗೆ ಬಹುಕಾಲ ಗೊತ್ತಿರಲಿಲ್ಲ. ಅದನ್ನು ಹಾಕಿ ಶ್ರುತಿ ಮಾಡಿ, ಎರಡನೆಯ ತಂತಿಯ ಹತ್ತನೆಯ ಫ್ರೆಟ್ಟಿನಲ್ಲಿ ಪೂರ್ಣ ಸ್ವರದ ಬೆಂಡ್ ಮಾಡಿದಾಗ, ಸ್ವರ ಏರಬೇಕಾದಲ್ಲಿಗೆ ಏರಿ ಅಲ್ಲೇ ನಿಂತಿತು. ಒಂದು ಗಿಟಾರನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಾಗ ಕೈ ಹೊಸದಾಗಿ ಲೆಕ್ಕ ಹಾಕಬೇಕಾಗಿ ಬರಲಿಲ್ಲ. ಆ ಸಂಜೆಯ ಸಂತೋಷ ನನಗೆ ಇನ್ನೂ ನೆನಪಿದೆ.

ತೆಳು ತಂತಿ ಹಾಕುವುದು ಬಲವಿಲ್ಲದವರ ಲಕ್ಷಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1960ರ ದಶಕಕ್ಕಿಂತ ಮುಂಚೆ ಅಂಗಡಿಯಲ್ಲಿ ಸಿಗುತ್ತಿದ್ದ ಸೆಟ್ಟುಗಳಲ್ಲಿ ಮೂರನೆಯ ತಂತಿಗೂ ಲೋಹದ ಎಳೆಯ ಸುರುಳಿ ಸುತ್ತಿರುತ್ತಿತ್ತು, ಅದನ್ನು ಎಳೆದು ಸ್ವರ ಏರಿಸುವುದು ದುಸ್ತರವಾಗಿತ್ತು. ಬೆಂಡ್ ಬೇಕಾದವರು ಬ್ಯಾಂಜೊ ತಂತಿಯನ್ನು ಮೊದಲನೆಯದಾಗಿ ಹಾಕಿ ಉಳಿದವನ್ನು ಒಂದೊಂದು ಸ್ಥಾನ ಸರಿಸಿಕೊಳ್ಳುತ್ತಿದ್ದರು. ಆ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎರ್ನಿ ಬಾಲ್ ‘ಸ್ಲಿಂಕಿ’ ಹೆಸರಿನಲ್ಲಿ ತೆಳು ಸೆಟ್ಟುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಆ ಹೆಣಗಾಟ ತಪ್ಪಿತು. ನಾವಿಂದು ಎಲೆಕ್ಟ್ರಿಕ್ ಗಿಟಾರಿನ ಧ್ವನಿ ಎಂದು ಗುರುತಿಸುವುದರಲ್ಲಿ ತೆಳು ತಂತಿಯ ಪಾಲು ದೊಡ್ಡದು.

ಲೋಹದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಬಿಗಿತದಷ್ಟು ವ್ಯತ್ಯಾಸ ಅದರಿಂದ ನನಗೆ ಕಾಣಲಿಲ್ಲ. ಮೂರು ಬಗೆಯ ಲೋಹದ 10–46 ಸೆಟ್ಟುಗಳನ್ನು ಒಂದೇ ದಿನ ಒಂದೇ ಗಿಟಾರಿಗೆ ಒಂದಾದ ಮೇಲೊಂದು ಹಾಕಿ, ಆಂಪ್ಲಿಫೈಯರಿನ ಗುಂಡಿಗಳನ್ನು ಮುಟ್ಟದೆ ಅದೇ ನಾಲ್ಕು ಸಾಲುಗಳನ್ನು ನುಡಿಸಿ ಧ್ವನಿಮುದ್ರಿಸಿದೆ. ಶುದ್ಧ ನಿಕಲ್ ಸುತ್ತಿದವು ಮೃದುವಾಗಿ, ತುಸು ಮಂದವಾಗಿ ಕೇಳಿಸಿದವು. ಸ್ಟೇನ್‌ಲೆಸ್ ಸ್ಟೀಲಿನವು ಎಲ್ಲಕ್ಕಿಂತ ಚುರುಕು, ಆದರೆ ಬೆರಳಿಗೆ ಒರಟು, ಮೇಲಾಗಿ ಫ್ರೆಟ್ಟನ್ನೂ ಬೇಗ ಸವೆಸುತ್ತವೆ. ನಿಕಲ್ ಲೇಪಿಸಿದ ಉಕ್ಕಿನವು ಇವೆರಡರ ನಡುವೆ. ಇದರಲ್ಲಿ ನಾನು ಮೊದಲು ಗಮನಿಸದಿದ್ದ ಸಂಗತಿಯೊಂದಿದೆ: ಸುರುಳಿಯಿಲ್ಲದ ಮೊದಲ ಮೂರು ತಂತಿಗಳು ಸಾಮಾನ್ಯವಾಗಿ ಎಲ್ಲ ಸೆಟ್ಟುಗಳಲ್ಲೂ ತವರ ಲೇಪಿಸಿದ ಉಕ್ಕಿನವೇ. ಪ್ಯಾಕೆಟ್ಟಿನ ಮೇಲಿನ ಲೋಹದ ಹೆಸರು ಕೆಳಗಿನ ಮೂರು ತಂತಿಗಳ ಸುರುಳಿಯದು ಮಾತ್ರ. ಹೆಚ್ಚಾಗಿ ಮೇಲಿನ ತಂತಿಗಳಲ್ಲೇ ಸೋಲೊ ನುಡಿಸುವವರು ಲೋಹದ ಚಿಂತೆಯಲ್ಲಿ ಬಹಳ ಹೊತ್ತು ಕಳೆಯಬೇಕಾಗಿಲ್ಲ. ಕಂಚಿನ ಸುರುಳಿಯ ಅಕೂಸ್ಟಿಕ್ ತಂತಿಗಳನ್ನು ಮಾತ್ರ ಎಲೆಕ್ಟ್ರಿಕ್ಕಿಗೆ ಹಾಕಬಾರದು. ಕಂಚು ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲವಾದ್ದರಿಂದ ಕೆಳಗಿನ ತಂತಿಗಳ ಧ್ವನಿ ಪಿಕಪ್ಪಿನಲ್ಲಿ ಕುಗ್ಗಿಹೋಗುತ್ತದೆ.

ಲೇಪನವಿರುವ ತಂತಿಗಳನ್ನು ನಾನು ಬಳಸುವುದು ನನ್ನ ಕೈ ಬೆವರುವುದರಿಂದ. ಸಾದಾ ತಂತಿಗಳು ಮೂರು ವಾರಕ್ಕೇ ಕಪ್ಪಿಟ್ಟು, ಬಟ್ಟೆಯಿಂದ ಒರೆಸಿದರೆ ತುಕ್ಕಿನ ಗೆರೆ ಮೂಡುತ್ತಿತ್ತು. ಬಿಚ್ಚಿದ ತಂತಿಯ ಅಡಿಭಾಗದ ಮೇಲೆ ಉಗುರು ಎಳೆದು ನೋಡಿದರೆ ಫ್ರೆಟ್ಟು ತಗುಲುವ ಕಡೆಗಳಲ್ಲೆಲ್ಲ ಸಣ್ಣ ಸಣ್ಣ ತಗ್ಗುಗಳು ಸಿಗುತ್ತವೆ. ಆ ತಗ್ಗುಗಳು ಬಿದ್ದ ತಂತಿ ಎಷ್ಟೇ ಶ್ರುತಿ ಮಾಡಿದರೂ ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ತಪ್ಪಿ ನುಡಿಯುತ್ತದೆ. ಲೇಪಿತ ತಂತಿಗಳು ನನ್ನ ಕೈಯಲ್ಲಿ ಮೂರು ತಿಂಗಳು ಬಾಳುತ್ತವೆ; ಹೊಸದರಲ್ಲಿ ಹೊಳಪು ತುಸು ಕಡಿಮೆಯೆನಿಸಿದರೂ ಆ ಹೊಳಪು ಬಹುಕಾಲ ಒಂದೇ ಮಟ್ಟದಲ್ಲಿರುತ್ತದೆ.

ಈಚೆಗೆ ಮೂರನೆಯ ಗಿಟಾರೊಂದನ್ನು ಎಲ್ಲ ತಂತಿಗಳೂ ಒಂದು ಪೂರ್ಣ ಸ್ವರ ಕೆಳಗಿರುವಂತೆ ಇಟ್ಟುಕೊಂಡಿದ್ದೇನೆ. ಅದು 25.5 ಇಂಚಿನದು. ಪೂರ್ಣ ಸ್ವರ ಇಳಿಸಿದರೆ ಬಿಗಿತ ಸುಮಾರು 21 ಶೇಕಡಾ ತಗ್ಗುವುದರಿಂದ 10–46 ಅದರಲ್ಲಿ ಜೋತುಬಿದ್ದಂತೆ ನುಡಿಯುತ್ತಿತ್ತು. 52ರ ಆರನೆಯ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದಾಗ ಬರುವ ಬಿಗಿತ, 46ರ ತಂತಿ ಇ ಸ್ವರದಲ್ಲಿರುವಾಗಿನ ಬಿಗಿತಕ್ಕೆ ಹೆಚ್ಚುಕಡಿಮೆ ಸಮ, ಅಂದರೆ 7.9 ಕೆಜಿ. ಹಾಗಾಗಿ 11–52 ಸೆಟ್ಟನ್ನು ಹಾಕಿದೆ. ಐದು ತಂತಿಗಳು ಸರಿಹೋದವು, ಮೂರನೆಯದು ಮಾತ್ರ ಉಳಿದವಕ್ಕಿಂತ ಸಡಿಲವೆನಿಸಿತು. ಆ ಸೆಟ್ಟಿನ ಮೂರನೆಯ ತಂತಿ 18ರದ್ದು. ಇಳಿಸಿದ ಶ್ರುತಿಯಲ್ಲಿ 6.7 ಕೆಜಿಗೆ ಬರುತ್ತದೆ, ನನ್ನ ಕೈ ಅಲ್ಲಿ 7.5ನ್ನು ನಿರೀಕ್ಷಿಸುತ್ತದೆ. ಬಿಡಿಯಾಗಿ ಒಂದು 19ರ ತಂತಿ ತಂದು ಅದರ ಜಾಗಕ್ಕೆ ಹಾಕಿದೆ. ಸುರುಳಿಯಿಲ್ಲದ ದಪ್ಪ ತಂತಿ ಸುಲಭವಾಗಿ ಬಾಗದಿರುವುದರಿಂದ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರ, ಅಲ್ಲೇ ತಂತಿಯನ್ನು ಒತ್ತದೆ ಬರಿ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್‌ಗಿಂತ ಮೇಲಕ್ಕೆ ಹೋಗುತ್ತಿತ್ತು. ಬ್ರಿಡ್ಜಿನ ಮೇಲೆ ಆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸುತ್ತಾ ಹೋಗಿ ಅದರ ಸ್ಕ್ರೂ ಮುಗಿಯಲು ಇನ್ನೆರಡು ಸುತ್ತು ಉಳಿದಿರುವಾಗ ಎರಡೂ ಸ್ವರ ಕೂಡಿಕೊಂಡವು. ಅಷ್ಟೂ ಜಾಗ ಸಾಲದೇ ಹೋಗಿದ್ದರೆ 20ರ ಸುರುಳಿ ಸುತ್ತಿದ ತಂತಿ ಹಾಕಬೇಕಾಗುತ್ತಿತ್ತು, ಆಗ ಆ ತಂತಿಯ ಮೇಲಿನ ಬೆಂಡುಗಳನ್ನು ಬಿಟ್ಟುಕೊಡಬೇಕಾಗುತ್ತಿತ್ತು. ಸದ್ಯಕ್ಕೆ 19 ನಿಂತಿದೆ, ಅದರ ದಿನಾಂಕವನ್ನೂ ಸ್ಯಾಡಲಿನ ಸ್ಥಾನವನ್ನೂ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ.