ಸಕ್ಕರೆ ಅಚ್ಚು ಮಾಡುವವರು ಮೊದಲು ಫೋನ್ ಆಚೆ ಇಡಿ

ಸಂಕ್ರಾಂತಿ ಹತ್ತಿರ ಬಂತು ಅಂದರೆ ನಮ್ಮ ಮನೆ ಹುಡುಗಿಯರಿಗೆ ಎಲ್ಲಿಲ್ಲದ ಹುರುಪು. ಈ ಸಲ ಅಚ್ಚು ಅಂಗಡಿಯಿಂದ ಬೇಡ, ಮನೆಯಲ್ಲೇ ಮಾಡೋಣ ಅಂತಾರೆ. ಒಳ್ಳೇದೇ. ಆದರೆ ಮಾಡುವ ರೀತಿ ನೋಡಿದರೆ ಮೈ ಉರಿಯುತ್ತದೆ. ಎರಡು ಕೆಜಿ ಸಕ್ಕರೆ ಒಂದೇ ಪಾತ್ರೆಗೆ ಸುರಿದು, ಒಟ್ಟಿಗೇ ಪಾಕಕ್ಕಿಟ್ಟು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ನಾಲ್ಕು ಅಚ್ಚು ತುಂಬುವಷ್ಟರಲ್ಲಿ ಉಳಿದದ್ದೆಲ್ಲ ಪಾತ್ರೆಯಲ್ಲೇ ಕಲ್ಲಾಗಿ ಕೂತಿರುತ್ತದೆ. ಆಮೇಲೆ ‘ಅಜ್ಜಿ, ಸಕ್ಕರೆ ಸರಿ ಇಲ್ಲ’ ಅಂತ ದೂರು. ಸಕ್ಕರೆ ಏನು ಮಾಡಿತು ಪಾಪ?

ಅಚ್ಚಿನ ಕೆಲಸ ಹಿಂದಿನ ರಾತ್ರಿಯೇ ಶುರು. ಮರದ ಅಚ್ಚುಗಳನ್ನು ಬಿಚ್ಚಿ ಬಕೆಟ್ ನೀರಿನಲ್ಲಿ ಮುಳುಗಿಸಿ ಇಡಬೇಕು. ಮರ ನೀರು ಕುಡಿದಿದ್ದರೆ ಪಾಕ ಕುಡಿಯುವುದಿಲ್ಲ, ಸಕ್ಕರೆ ಅಂಟುವುದೂ ಇಲ್ಲ. ಬೆಳಗ್ಗೆ ಅರ್ಧ ಗಂಟೆ ನೆನೆಸಿ ‘ಸಾಕಲ್ವಾ?’ ಅಂತ ಕೇಳಬೇಡಿ. ಸಾಲದು. ತುಪ್ಪ ಸವರುವ ಬುದ್ಧಿವಂತಿಕೆಯೂ ಬೇಡ. ತುಪ್ಪ ಮರದೊಳಗೆ ಇಳಿದು ಮುಂದಿನ ವರ್ಷಕ್ಕೆ ಕಮಟು ವಾಸನೆ ಹೊಡೆಯುತ್ತದೆ. ಈಗ ಚಾಕೊಲೇಟ್ ಮಾಡುವ ರಬ್ಬರಿನಂಥ ಅಚ್ಚಿನಲ್ಲಿ ಹುಯ್ಯುವವರೂ ಇದ್ದಾರೆ. ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಆನೆಗೆ ಒಂದೇ ಪಕ್ಕ ಇರುತ್ತದೆ, ಇನ್ನೊಂದು ಪಕ್ಕ ಚಪ್ಪಟೆ. ತಟ್ಟೆಯಲ್ಲಿ ನಿಲ್ಲದ ಆನೆ ಯಾತಕ್ಕೆ?

ಸಕ್ಕರೆ ಬೆಳ್ಳಗಿರುವುದನ್ನೇ ತನ್ನಿ. ಮುಳುಗುವಷ್ಟು ನೀರು ಹಾಕಿ ಕರಗಿಸಿ. ಕುದಿ ಬಂದಾಗ ಎರಡು ಚಮಚ ಹಾಲು ಬಿಡಿ. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಸೋಸಿ. ಕೊಳೆ ಜಾಸ್ತಿ ಅನಿಸಿದರೆ ಇನ್ನೊಂದು ಸಲ. ಅಚ್ಚು ಮಾಸಲು ಬಣ್ಣ ಬರುವುದು ಇಲ್ಲಿ ಸೋಮಾರಿತನ ಮಾಡಿದ್ದಕ್ಕೆ. ಸೋಸಲು ಹಳೆಯ ಪಂಚೆ ತುಂಡಿನಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಆ ಬಟ್ಟೆಯನ್ನು ಮೆಷಿನ್ನಿಗೆ ಹಾಕಬೇಡಿ. ನನ್ನ ಸೊಸೆ ಹಾಕಿದ್ದಳು. ಆ ವರ್ಷದ ಅಚ್ಚು ಬಾಯಿಗಿಟ್ಟರೆ ಸೋಪಿನ ಪುಡಿಯ ಮಲ್ಲಿಗೆ ಘಮ! ಅಡುಗೆ ಮನೆ ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ, ಕೈಯಲ್ಲಿ ಕುಕ್ಕಿ, ಬಿಸಿಲಿಗೆ ಹಾಕಬೇಕು. ಕಾಫಿ ಸೋಸುವ ಬಟ್ಟೆಗೂ ಅದೇ.

ನಿಂಬೆರಸದ ವಿಷಯ ಹೇಳಿಬಿಡುತ್ತೇನೆ. ಯಾವುದೋ ವಿಡಿಯೋ ನೋಡಿ ಅರ್ಧ ಹೋಳು ಹಿಂಡುತ್ತಾರೆ. ಜಾಮೂನಿನ ಪಾಕಕ್ಕೆ ನಿಂಬೆ ಹಾಕುವುದು ಸಕ್ಕರೆ ಮತ್ತೆ ಹರಳು ಕಟ್ಟದಿರಲಿ ಅಂತ. ಇಲ್ಲಿ ನಮಗೆ ಕಟ್ಟಲೇಬೇಕಲ್ಲ? ಹುಳಿ ಜಾಸ್ತಿಯಾದರೆ ಸಾಯಂಕಾಲದವರೆಗೆ ಕಾದರೂ ಅಚ್ಚು ಮೆತ್ತಗೇ ಇರುತ್ತದೆ.

ಇನ್ನು ಅಸಲು ಕೆಲಸ. ಸೋಸಿದ ಸಕ್ಕರೆ ನೀರನ್ನು ಪಾತ್ರೆಯಲ್ಲಿ ಹಾಗೇ ಮುಚ್ಚಿಡಿ. ದಪ್ಪ ತಳದ ಸಣ್ಣ ಹಿಡಿ ಪಾತ್ರೆ ತೆಗೆದುಕೊಳ್ಳಿ. ಅದಕ್ಕೆ ಒಂದು ಸಲಕ್ಕೆ ಒಂದು ಕಾಫಿ ಲೋಟದಷ್ಟು ಮಾತ್ರ ಹಾಕಿ. ಮೂರೋ ನಾಲ್ಕೋ ಅಚ್ಚಿಗೆ ಆಗುವಷ್ಟು, ಅಷ್ಟೇ. ಇದನ್ನು ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ. ಹೊತ್ತಾಗುತ್ತದಂತೆ! ನಮ್ಮತ್ತೆ ಮೈಸೂರಿನ ಮನೆಯ ಹಿತ್ತಲಲ್ಲಿ ಇದ್ದಿಲ ಒಲೆ ಮುಂದೆ ಕೂತು ಇಡೀ ಬೀದಿಯ ಮಕ್ಕಳಿಗೆ ಆಗುವಷ್ಟು ಅಚ್ಚು ತೆಗೆಯುತ್ತಿದ್ದರು. ಅವರೂ ಹುಯ್ಯುತ್ತಿದ್ದದ್ದು ಇದೇ ಒಂದೊಂದು ಲೋಟ. ಅಕ್ಕಪಕ್ಕದವರ ಮನೆಯಿಂದ ಅಚ್ಚು ಎರವಲು ಬರುತ್ತಿತ್ತು. ನಮ್ಮಲ್ಲಿ ತುಳಸಿ ಕಟ್ಟೆ ಇದ್ದರೆ ಅವರಲ್ಲಿ ಗಿಳಿ, ಇನ್ನೊಬ್ಬರಲ್ಲಿ ಮಂಟಪ. ಹಬ್ಬ ಮುಗಿದ ಮೇಲೆ ಯಾರ ಗಿಳಿ ಯಾರ ಮನೆಯಲ್ಲಿ ಅಂತ ಹುಡುಕುವುದೇ ಒಂದು ಕೆಲಸ.

ಪಾಕ ಕುದಿಯಲಿ. ಮೊದಲು ಗುಳ್ಳೆ ದೊಡ್ಡದಾಗಿ, ಬಿಡಿಬಿಡಿಯಾಗಿ ಬರುತ್ತದೆ. ನೀರು ಹೋದ ಹಾಗೆಲ್ಲ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ಸೋಮಾರಿಯಾಗಿ ಏಳುತ್ತದೆ. ಸದ್ದೂ ಬದಲಾಗುತ್ತದೆ, ಕಿವಿ ಕೊಡಿ. ಆಗ ಸೌಟಿನಿಂದ ಒಂದು ತೊಟ್ಟನ್ನು ತಟ್ಟೆಗೆ ಬಿಟ್ಟು, ಬಿಸಿ ಆರಿದ ಮೇಲೆ ಬೆರಳಲ್ಲಿ ಹಿಡಿದು ಬಿಡಿಸಿ. ಎಳೆ ಬಂದು, ತಕ್ಷಣ ತುಂಡಾಗದೆ ಸ್ವಲ್ಪ ನಿಲ್ಲಬೇಕು. ಉರಿ ಪೂರ್ತಿ ಸಣ್ಣ ಮಾಡಿ. ಈಗಿನಿಂದ ಸೌಟು ನಿಲ್ಲುವ ಹಾಗಿಲ್ಲ. ಬಾಗಿಲು ಬಡಿದರೂ, ಫೋನ್ ಬಂದರೂ, ಮಗು ಅತ್ತರೂ ಬೇರೆ ಯಾರಾದರೂ ನೋಡಿಕೊಳ್ಳಲಿ. ಮಗು ಮಾತ್ರ ಒಲೆ ಹತ್ತಿರ ಬರಕೂಡದು. ಪಾಕ ಕೈಗೆ ಬಿದ್ದರೆ ಜಾರಿ ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ.

ಕಲಕುವುದು ಅಂದರೆ ಪಾಯಸ ತಿರುವಿದ ಹಾಗಲ್ಲ. ಸೌಟಿನ ಬೆನ್ನಿನಿಂದ ಪಾಕವನ್ನು ಪಾತ್ರೆಯ ಗೋಡೆಗೆ ಉಜ್ಜಿ ಉಜ್ಜಿ ಕೆಳಗೆ ತರಬೇಕು. ಹಾಗೆ ಉಜ್ಜಿದಲ್ಲಿ ಮೊದಲು ಒಂದು ಬಿಳಿ ಗೆರೆ ಕಾಣುತ್ತದೆ, ರಂಗೋಲಿ ಪುಡಿ ಸವರಿದ ಹಾಗೆ. ಅದು ಕಂಡ ತಕ್ಷಣ ಪಾತ್ರೆ ಒಲೆಯಿಂದ ಇಳಿಸಿ. ಆ ಬಿಳಿಯನ್ನು ಪಾಕದೊಳಗೇ ಕೂಡಿಸಿ ಮತ್ತೆ ಉಜ್ಜಿ. ಗಾಜಿನ ಹಾಗಿದ್ದ ಪಾಕ ಮೊದಲು ಮಬ್ಬಾಗಿ, ಆಮೇಲೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸೌಟು ಎತ್ತಿದರೆ ಇನ್ನೂ ಧಾರೆಯಾಗಿ ಬೀಳಬೇಕು. ಅದೇ ಗಳಿಗೆ, ಸುರಿಯಿರಿ. ನಾಲ್ಕು ಸಲ ಹೆಚ್ಚಿಗೆ ತಿರುವಿದರೆ ಸೌಟಿನಲ್ಲೇ ಪುಡಿಯಾಗುತ್ತದೆ. ನಾಲ್ಕು ಸಲ ಕಡಿಮೆಯಾದರೆ ಅಚ್ಚಿನೊಳಗೆ ಒರಟು ಹರಳು ಕಟ್ಟುತ್ತದೆ, ಆನೆಯ ಸೊಂಡಿಲು ಮುಟ್ಟಿದರೆ ಮುರಿಯುತ್ತದೆ. ಪಾಕವನ್ನು ಅಲುಗಾಡಿಸದೆ ಬಿಟ್ಟರೆ ಹರಳು ದೊಡ್ಡದಾಗುತ್ತದೆ, ಕಲ್ಲುಸಕ್ಕರೆ ಆಗುವುದೇ ಹಾಗೆ. ಬಿಡದೆ ಉಜ್ಜಿದರೆ ಹರಳು ನುಣ್ಣಗೆ, ಒತ್ತಾಗಿ ಕೂರುತ್ತದೆ. ಅಚ್ಚಿನ ನಯವೆಲ್ಲ ಆ ಉಜ್ಜುವುದರಲ್ಲೇ ಇದೆ. ತೋಳು ನೋಯುತ್ತದೆ, ನೋಯಲಿ. ಬಣ್ಣ ಬೇಕಿದ್ದವರು ಕೇಸರಿಯನ್ನೋ ಗುಲಾಬಿಯನ್ನೋ ಪಾಕ ಕುದಿಯುವಾಗಲೇ ಹಾಕಿ. ನನ್ನನ್ನು ಕೇಳಿದರೆ ಅಚ್ಚು ಬೆಳ್ಳಗಿದ್ದರೇ ಚೆಂದ.

ಅಚ್ಚನ್ನು ಪಾಕಕ್ಕೆ ಬಿಳಿ ಬರುವ ಮುಂಚೆಯೇ ನೀರಿನಿಂದ ತೆಗೆದು, ಚೆನ್ನಾಗಿ ಕೊಡವಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ, ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿರಬೇಕು. ಒಳಗೆ ನೀರಿನ ಹನಿ ನಿಂತಿದ್ದರೆ ಅಲ್ಲಿ ಗುಳಿ ಬೀಳುತ್ತದೆ. ಜೋಡಿ ತಪ್ಪಿದ್ದರೆ ಸಂದಿಯಲ್ಲಿ ಪಾಕ ಸೋರುತ್ತದೆ. ಸುರಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಮರದ ಹೊರಗೆ ಕೈ ಇಟ್ಟರೆ ಬೆಚ್ಚಗೆ ತಿಳಿಯುವಾಗ ಬ್ಯಾಂಡ್ ತೆಗೆದು, ಮೆಲ್ಲಗೆ ತಟ್ಟಿ ಬಿಡಿಸಿ. ಅಂಚಿನ ಚೂರುಪಾರನ್ನು ಚಾಕುವಿನಿಂದ ಕೆರೆದುಬಿಡಿ.

ಮುರಿದದ್ದಕ್ಕೆ ಯಾರೂ ಮುಖ ಸಣ್ಣ ಮಾಡಬೇಕಿಲ್ಲ. ಸ್ವಲ್ಪ ನೀರು ಹಾಕಿ ಕರಗಿಸಿದರೆ ಮತ್ತೆ ಪಾಕ. ಪಾತ್ರೆಗೆ ಅಂಟಿದ್ದನ್ನೂ ತಂತಿ ಹಾಕಿ ತಿಕ್ಕಬೇಡಿ. ನೀರು ತುಂಬಿ ಒಲೆಗೆ ಇಡಿ, ತಾನೇ ಬಿಡುತ್ತದೆ. ಆ ನೀರು ಕಾಫಿಗೆ ಆಗುತ್ತದೆ.

ಆರಿದ ಅಚ್ಚನ್ನು ಒಣಗಿದ ಸ್ಟೀಲ್ ಡಬ್ಬಿಯಲ್ಲಿಡಿ. ಫ್ರಿಜ್ಜಿನಲ್ಲಿ ಇಟ್ಟರೆ ಹೊರಗೆ ತೆಗೆದ ಕೂಡಲೇ ಬೆವರಿ ಅಂಟುತ್ತದೆ. ಮೋಡ ಹಾಕಿದ ದಿನ ಮಾಡುವುದೇ ಬೇಡ, ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಳ್ಳಿನ ಜೊತೆ ಒಂದೇ ಡಬ್ಬಿಯಲ್ಲಿ ಇಡುವುದೂ ಬೇಡ. ಕೊಬ್ಬರಿ ಜಿಡ್ಡು ಬಿಟ್ಟು ಬೆಳ್ಳಗಿನ ಅಚ್ಚಿಗೆ ಕಲೆ ಮಾಡುತ್ತದೆ. ಎಳ್ಳು ಬೀರಲು ಹೊರಡುವಾಗ ತಟ್ಟೆಯಲ್ಲಿ ಜೋಡಿಸಿಕೊಂಡರೆ ಆಯಿತು.

ಮರದ ಅಚ್ಚನ್ನು ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ. ಒಣಗಿದ ಮೇಲೆ ಜೋಡಿ ಜೋಡಿಯಾಗಿ ದಾರದಲ್ಲಿ ಕಟ್ಟಿಡಿ, ರಬ್ಬರ್ ಬ್ಯಾಂಡ್ ಬೇಡ. ವರ್ಷ ಕಳೆಯುವಷ್ಟರಲ್ಲಿ ಅದು ಕರಗಿ ಮರಕ್ಕೆ ಅಂಟಿರುತ್ತದೆ, ಆಮೇಲೆ ಕೆರೆಯಲು ನನ್ನನ್ನೇ ಕರೆಯುತ್ತೀರಿ.