ಅಪ್ಪ ಅಮ್ಮನಿಗೆ ಒಂದೇ ದಿನದಲ್ಲಿ ಶಿಕಾಗೊ ತೋರಿಸಿದ್ದು: ನನ್ನ ಅನುಭವ

ಊರಿನಿಂದ ಬಂದ ಅಪ್ಪ ಅಮ್ಮನಿಗೆ, ಕಾರು ಮುಟ್ಟದೆ, ಟಿಕೆಟ್ಟುಗಳ ಕಟ್ಟು ಕೊಳ್ಳದೆ, ಬೆಳಿಗ್ಗೆ ಹೊರಟು ರಾತ್ರಿಯ ಊಟದ ಹೊತ್ತಿಗೆ ಮನೆ ಸೇರುವಂತೆ ಶಿಕಾಗೊ ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿದಾಗ ಇಲ್ಲಿನ ನಮ್ಮ ಕನ್ನಡದ ಬಳಗದಲ್ಲಿ ನನ್ನನ್ನು ನಂಬಿದವರು ಯಾರೂ ಇರಲಿಲ್ಲ. “ಅಲ್ಲಾರೀ, ಮಂಡಿನೋವಿನ ಅಮ್ಮನ್ನ ರೈಲಲ್ಲಿ, ಬಸ್ಸಲ್ಲಿ ತಿರುಗಿಸ್ತೀರಾ? ಎರಡು ದಿನ ಹೋಟೆಲ್ ಮಾಡಿ, ನೆಮ್ಮದಿಯಾಗಿ ನೋಡಿ ಬನ್ನಿ” ಎಂದು ಒಬ್ಬರು ಬುದ್ಧಿ ಹೇಳಿದರು. ಅವರ ಅನುಮಾನ ತಪ್ಪೆಂದು ಹೇಳುವಂತಿರಲಿಲ್ಲ, ಏಕೆಂದರೆ ಅದಕ್ಕೆ ಮೊದಲು ನಾನು ಎರಡು ಸಲ ಸೋತಿದ್ದು ಅವರಿಗೆಲ್ಲ ಗೊತ್ತಿತ್ತು. 2025ರ ಜುಲೈ ತಿಂಗಳ ಒಂದು ಶನಿವಾರ ಅದು ಕೊನೆಗೂ ಕೈಗೂಡಿತು, ಆಮೇಲೆ ಇನ್ನೂ ಎರಡು ಕುಟುಂಬಗಳನ್ನು ಅದೇ ದಾರಿಯಲ್ಲಿ ಕರೆದೊಯ್ದು ತಂದಿದ್ದೇನೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ. ಲೆಕ್ಕಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ಐದು ಹತ್ತು ಡಾಲರ್ ಆಚೀಚೆ ಆಗಬಹುದು.

ಮೊದಲ ಸೋಲು 2022ರದು. ನಾವಿರುವ, ಶಿಕಾಗೊ ಹೊರವಲಯದ ನೇಪರ್‌ವಿಲ್‌ನಿಂದ ಕಾರಿನಲ್ಲಿ ಹೊರಟೆವು. ಐಸೆನ್‌ಹೋವರ್ ಹೆದ್ದಾರಿಯಲ್ಲಿ ಒಂದೂವರೆ ಗಂಟೆ ತೆವಳಿ, ನಗರದೊಳಗೆ ನೆಲಮಾಳಿಗೆಯ ಪಾರ್ಕಿಂಗ್ ಒಂದರಲ್ಲಿ ಕಾರು ನಿಲ್ಲಿಸಿದೆ. ಸಂಜೆ ಹೊರಡುವಾಗ ಅದಕ್ಕೆ ತೆತ್ತದ್ದು 46 ಡಾಲರ್. ಅಲ್ಲಿಂದ ನೇರವಾಗಿ, ಎತ್ತರದಿಂದ ನಗರ ನೋಡಲೆಂದು, ವಿಲ್ಲಿಸ್ ಗೋಪುರದ 103ನೇ ಮಹಡಿಗೆ ಹೋದೆವು. ಮೋಡ ಕವಿದಿದೆ, ಏನೂ ಕಾಣುವುದಿಲ್ಲ ಎಂದು ಟಿಕೆಟ್ ಕೊಡುವವರು ಮೊದಲೇ ಎಚ್ಚರಿಸಿದ್ದರು, ಇಷ್ಟು ದೂರ ಬಂದು ಹಿಂದಿರುಗುವುದೇ ಎಂದು ಹಠ ಹಿಡಿದವನು ನಾನೇ. ಐವರಿಗೆ ನೂರೈವತ್ತು ಡಾಲರಿನಷ್ಟು ಕೊಟ್ಟು ಮೇಲೆ ಹೋಗಿ ನೋಡಿದರೆ ಗಾಜಿನ ನಾಲ್ಕೂ ಕಡೆ ಅಕ್ಕಿ ತೊಳೆದ ನೀರಿನಂಥ ಬಿಳುಪು. ಅಮ್ಮ ಮೆಲ್ಲಗೆ, “ಮಡಿಕೇರೀಲಿ ಇದನ್ನ ದುಡ್ಡು ಕೊಡದೇ ನೋಡಿದ್ವಲ್ಲಪ್ಪ” ಎಂದರು. ಮಧ್ಯಾಹ್ನ ಹೋಟೆಲಿನಲ್ಲಿ ತೊಂಬತ್ತು ಡಾಲರ್ ಬಿಲ್ಲಾದರೂ ಅಮ್ಮ ತಿಂದದ್ದು ಬಾಳೆಹಣ್ಣು ಮಾತ್ರ.

ಎರಡನೆಯ ಸೋಲು ಇನ್ನೂ ದುಬಾರಿ. 2023ರ ಸೆಪ್ಟೆಂಬರಿನಲ್ಲಿ ಅತ್ತೆ ಮಾವ ಬಂದಿದ್ದರು. ಈ ಸಲ ಜಾಣನಾಗುತ್ತೇನೆಂದು ಐದು ಸ್ಥಳಗಳಿಗೆ ಸೇರಿಸಿ ಮಾರುವ ಟಿಕೆಟ್ ಕಟ್ಟನ್ನು ಮುಂಗಡವಾಗಿ ಕೊಂಡೆ. ಎಲ್ಲರದೂ ಸೇರಿ 650 ಡಾಲರಿನ ಹತ್ತಿರ ಆಗಿತ್ತು. ಕಟ್ಟಿನಲ್ಲಿ ಐದು ಇದೆಯೆಂದ ಮೇಲೆ ಐದನ್ನೂ ನೋಡಿ ತೀರಿಸಬೇಕೆಂಬ ಲೋಭ ಹುಟ್ಟುತ್ತದೆ, ಆ ಲೋಭವೇ ದಿನವನ್ನು ಕೆಡಿಸಿತು. ಮೀನಿನ ಸಂಗ್ರಹಾಲಯದ ಸಾಲಿನಲ್ಲಿ ನಿಂತು ಮಾವನವರ ಕಾಲು ಊದಿಕೊಂಡಿತು. ಎರಡು ಸ್ಥಳ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ. ಇನ್ನು ಕಾಸು ಕೊಡದೆ ನೋಡುವ, ಕಾಳಿನ ಆಕಾರದ ಹೊಳೆಯುವ ಉಕ್ಕಿನ ಶಿಲ್ಪ ‘ಬೀನ್’ ಆದರೂ ಸಿಗಲಿ ಎಂದು ಮಿಲೇನಿಯಮ್ ಪಾರ್ಕಿಗೆ ಹೋದರೆ ಅದರ ಸುತ್ತ ಬೇಲಿ! ಆ ಅಂಗಳದ ದುರಸ್ತಿಗಾಗಿ 2023ರ ಆಗಸ್ಟಿನಿಂದ 2024ರ ಜೂನ್ ತನಕ ಹತ್ತಿರ ಬಿಡುತ್ತಿರಲಿಲ್ಲ. ಹೊರಡುವ ಮುನ್ನ ಎರಡು ನಿಮಿಷ ಫೋನಿನಲ್ಲಿ ನೋಡಿದ್ದರೆ ತಿಳಿಯುತ್ತಿತ್ತು.

ಈ ಎರಡು ಪೆಟ್ಟುಗಳ ನಂತರ ನಾನು ಕಾಗದದ ಮೇಲೆ ಬರೆದುಕೊಂಡದ್ದು ನೋಡುವ ಸ್ಥಳಗಳ ಪಟ್ಟಿಯನ್ನಲ್ಲ, ಕುಳಿತುಕೊಳ್ಳುವ ಸ್ಥಳಗಳ ಪಟ್ಟಿಯನ್ನು. ಅಮ್ಮ ಎಷ್ಟು ಹೊತ್ತು ನಿಲ್ಲದೆ ನಡೆಯಬಲ್ಲರು ಎಂಬುದನ್ನು ಮನೆಯ ಹತ್ತಿರದ ಪಾರ್ಕಿನಲ್ಲಿ ಒಂದು ವಾರ ಗಮನಿಸಿದೆ. ಹದಿನೈದು ನಿಮಿಷ. ಹಾಗಾದರೆ ಪ್ರತಿ ಹದಿನೈದು ನಿಮಿಷದ ನಡಿಗೆಯ ಕೊನೆಗೆ ನೆರಳು, ಆಸನ, ಹತ್ತಿರದಲ್ಲೇ ಶೌಚಾಲಯ ಇರಬೇಕು, ಮತ್ತು ಆ ಆಸನದಲ್ಲಿ ಕುಳಿತಲ್ಲಿಂದಲೇ ನೋಡಲು ಏನಾದರೂ ಇರಬೇಕು. ಇದಿಷ್ಟೇ ನನ್ನ ವಿಧಾನ. ಅದಕ್ಕಾಗಿ ಎರಡು ಭಾನುವಾರ ಒಬ್ಬನೇ ಹೋಗಿ ಗಡಿಯಾರ ಹಿಡಿದು ನಡೆದು ನೋಡಿದ್ದೇನೆ. ಹೆಂಡತಿ ನಕ್ಕಳು. ನಗಲಿ.

ದಾರಿಯ ದಿಕ್ಕನ್ನು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಯೂನಿಯನ್ ಸ್ಟೇಷನ್ನಿನಿಂದ ನದಿಯ ಮೇಲೆ ಸಾಗಿ ಸರೋವರದ ಕಡೆಗೆ ಇಟ್ಟುಕೊಂಡೆ. ನೇಪರ್‌ವಿಲ್‌ನಿಂದ ಮೆಟ್ರಾ ಎಂಬ ಉಪನಗರ ರೈಲು ವಾರಾಂತ್ಯದಲ್ಲಿ ಬಹುತೇಕ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವುದರಿಂದ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಇಡೀ ದಿನದ ಪಾಸಿಗೆ ಆಗ ತಲೆಗೆ 7 ಡಾಲರ್ ಇತ್ತು, ಒಂಬತ್ತು ವರ್ಷದ ಮಗನಿಗೆ ಉಚಿತವಾಗಿತ್ತು. ಆ ಹಳೆಯ ಬೋಗಿಗಳಲ್ಲಿ ಆಸನದ ಬೆನ್ನನ್ನು ಹಿಡಿದು ಆಚೆಗೆ ತಳ್ಳಿದರೆ ಅದು ಸರಕ್ಕನೆ ಮಗುಚಿ ಎದುರುಬದುರು ಕುಳಿತುಕೊಳ್ಳುವಂತೆ ಆಗುತ್ತದೆ. ಅಪ್ಪ ಅದನ್ನು ಮೂರು ಸಲ ಮಗುಚಿ ನೋಡಿ, ಕೆಳಗಿನ ಕೀಲನ್ನು ಬಗ್ಗಿ ಪರೀಕ್ಷಿಸಿ, ನಮ್ಮ ಕಡೆಯ ರೈಲುಗಳಿಗೆ ಇದನ್ನೇಕೆ ಹಾಕಿಲ್ಲವೆಂದು ಲಾ ಗ್ರೇಂಜ್ ಬರುವ ತನಕ ವಿಚಾರಣೆ ನಡೆಸಿದರು. ಕಾರಿನಲ್ಲಿ ಹೋಗಿದ್ದರೆ ಆ ಒಂದು ಗಂಟೆ ನಾನು ಸ್ಟಿಯರಿಂಗ್ ಹಿಡಿದು ಬೈದುಕೊಳ್ಳುವುದರಲ್ಲಿ ಕಳೆಯುತ್ತಿತ್ತು.

ಮೊದಲ ಆಸನ ನಿಲ್ದಾಣದೊಳಗೇ ಇದೆ. 1925ರಲ್ಲಿ ತೆರೆದ ಯೂನಿಯನ್ ಸ್ಟೇಷನ್ನಿನ ‘ಗ್ರೇಟ್ ಹಾಲ್’ನಲ್ಲಿ, 115 ಅಡಿ ಎತ್ತರದ ಗಾಜಿನ ಚಾವಣಿಯ ಕೆಳಗೆ, ಉದ್ದನೆಯ ಮರದ ಬೆಂಚುಗಳಿವೆ. ಬಹಳ ಜನ ರೈಲಿಳಿದು ಸೀದಾ ಬೀದಿಗೆ ಹೋಗಿಬಿಡುತ್ತಾರೆ, ಅದನ್ನು ನೋಡುವುದೇ ಇಲ್ಲ. ನಾವು ಅಲ್ಲಿ ಅರ್ಧ ಗಂಟೆ ಕುಳಿತು ಫ್ಲಾಸ್ಕಿನ ಕಾಫಿ ಮುಗಿಸಿದೆವು. ಹೊರಗೆ ಬಂದರೆ ವಿಲ್ಲಿಸ್ ಗೋಪುರ ನೆತ್ತಿಯ ಮೇಲೆಯೇ ನಿಂತಂತೆ ಕಾಣುತ್ತದೆ. ಈ ಸಲ ಮೇಲೆ ಹತ್ತಲಿಲ್ಲ. ಒಂಬತ್ತು ಚೌಕದ ಕೊಳವೆಗಳನ್ನು ಕಬ್ಬಿನ ಕಂತೆಯಂತೆ ಒಟ್ಟಿಗೆ ಕಟ್ಟಿ ನಿಲ್ಲಿಸಿರುವುದರಿಂದಲೇ 1,451 ಅಡಿಯ ಆ ಕಟ್ಟಡ ಗಾಳಿಗೆ ಜಗ್ಗದೆ ನಿಂತಿದೆ, ಆ ಲೆಕ್ಕ ಹಾಕಿದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು ಎಂದು ಕೆಳಗಿನಿಂದಲೇ ತೋರಿಸಿದೆ. ಒಂಬತ್ತರಲ್ಲಿ ಎರಡೇ ಕೊಳವೆಗಳು ತುದಿಯವರೆಗೆ ಹೋಗುತ್ತವೆ ಎಂಬುದನ್ನು ಮಗ ಬೆರಳು ಮಡಚಿ ಎಣಿಸಿದ. ನೂರೈವತ್ತು ಡಾಲರ್ ಉಳಿಯಿತು.

ಇನ್ನು ನದಿ. ನಿಮಗೆಲ್ಲ ಗೊತ್ತಿರುವಂತೆ ಕಟ್ಟಡಗಳನ್ನು ತೋರಿಸುವ ಒಂದೂವರೆ ಗಂಟೆಯ ದೋಣಿ ವಿಹಾರಕ್ಕೆ ತಲೆಗೆ ಐವತ್ತು ಡಾಲರಿನ ಸುತ್ತಮುತ್ತ ಆಗುತ್ತದೆ. ಅದು ಒಳ್ಳೆಯದೇ, ನಾನು ಹಿಂದೆ ಹೋಗಿದ್ದೇನೆ. ಆದರೆ ಆ ವಿವರಣೆ ಇಲ್ಲಿನವರ ವೇಗದ ಇಂಗ್ಲಿಷಿನಲ್ಲಿ ಇರುತ್ತದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಅಪ್ಪನಿಗೇ ಅದರಲ್ಲಿ ಅರ್ಧ ತಿಳಿಯುವುದಿಲ್ಲ, ಅಮ್ಮನಿಗಂತೂ ಬಿಸಿಲೊಂದೇ ಗತಿ. ಆದ್ದರಿಂದ ಬೇಸಿಗೆಯ ತಿಂಗಳುಗಳಲ್ಲಿ ಓಡುವ ‘ವಾಟರ್ ಟ್ಯಾಕ್ಸಿ’ ಹಿಡಿದು, ವಿವರಣೆಯನ್ನು ಕನ್ನಡದಲ್ಲಿ ನಾನೇ ಕೊಡುವುದೆಂದು ನಿರ್ಧರಿಸಿದೆ. ಗೆಳೆಯರು ಹೆಚ್ಚು ನಕ್ಕಿದ್ದು ಇದಕ್ಕೇ. “ಅದು ಆಫೀಸಿಗೆ ಹೋಗೋರ ದೋಣಿ ಮಾರಾಯ, ಅದರಲ್ಲಿ ಏನ್ ತೋರಿಸ್ತೀಯ?” ಎಂದರು. ಐವರಿಗೂ ಸೇರಿ ನಲವತ್ತು ಡಾಲರ್ ಒಳಗೆ ಮುಗಿಯಿತು. ಮ್ಯಾಡಿಸನ್ ಬೀದಿಯ ಕಟ್ಟೆಯಿಂದ ಮಿಶಿಗನ್ ಅವೆನ್ಯೂ ತನಕದ ದಾರಿ ಚಿಕ್ಕದು, ಆದ್ದರಿಂದ ಮಾತನ್ನು ಅಳತೆ ಮಾಡಿ ಸಿದ್ಧಪಡಿಸಬೇಕಾಗುತ್ತದೆ. ನಾನು ನಾಲ್ಕು ಹಾಳೆ ಬರೆದುಕೊಂಡು, ಕಟ್ಟಡಗಳು ಬರುವ ಕ್ರಮವನ್ನು ಬಾಯಿಪಾಠ ಮಾಡಿದ್ದೆ.

ಮೊದಲು ಬಲಗಡೆಗೆ ಬೆನ್ನೂ ಕೈಗಳೂ ಇರುವ ಕುರ್ಚಿಯ ಆಕಾರದ ಸಿವಿಕ್ ಒಪೆರಾ ಕಟ್ಟಡ, 1929ರದು. ನದಿ ಕವಲೊಡೆಯುವಲ್ಲಿ ದೋಣಿ ಪೂರ್ವಕ್ಕೆ ತಿರುಗಿದ ಕೂಡಲೆ ಎಡಕ್ಕೆ ಮರ್ಚಂಡೈಸ್ ಮಾರ್ಟ್, ನಲವತ್ತು ಲಕ್ಷ ಚದರಡಿಯಷ್ಟು ವಿಸ್ತಾರ. ಸ್ವಲ್ಪ ಮುಂದೆ ಮುಸುಕಿನ ಜೋಳದ ಎರಡು ತೆನೆಗಳನ್ನು ನೆಟ್ಟಂತಿರುವ ಮರೀನಾ ಸಿಟಿ, ಅದರ ಕೆಳಗಿನ 19 ಸುತ್ತುಗಳಲ್ಲಿ ಕಾರುಗಳು ಮೂತಿ ಒಳಗೆ, ಹಿಂಭಾಗ ಅಂಚಿಗೆ ಮಾಡಿಕೊಂಡು ನಿಂತಿರುವುದು ನೀರಿನ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಅಮ್ಮ ಅದನ್ನು ನೋಡಿ, “ಒಬ್ಬ ಬ್ರೇಕ್ ಒತ್ತೋದು ಮರೆತರೆ?” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ಅವರಿಬ್ಬರನ್ನೂ ಹಿಡಿದು ನಿಲ್ಲಿಸಿದ್ದು ಕಟ್ಟಡಗಳಲ್ಲ. ಸರೋವರಕ್ಕೆ ಸೇರುತ್ತಿದ್ದ ನದಿ ಊರಿನ ಕೊಳಚೆಯನ್ನೆಲ್ಲ ಕುಡಿಯುವ ನೀರಿಗೇ ತಂದು ಹಾಕುತ್ತಿದ್ದುದರಿಂದ, 1900ರಲ್ಲಿ ಕಾಲುವೆ ತೋಡಿ ಅದರ ಹರಿವನ್ನೇ ಹಿಂದಕ್ಕೆ ತಿರುಗಿಸಿದರು ಎಂದಾಗ ಅಪ್ಪ ದೋಣಿಯ ಅಂಚಿಗೆ ಬಾಗಿ, ನೀರಿನ ಮೇಲೆ ತೇಲುತ್ತಿದ್ದ ಒಂದು ಎಲೆ ಯಾವ ಕಡೆಗೆ ಹೋಗುತ್ತಿದೆಯೆಂದು ಬಹಳ ಹೊತ್ತು ನೋಡಿದರು. ದೋಣಿಯ ಅಲೆಗೆ ಅದು ಎಲ್ಲಿಗೂ ಹೋಗಲಿಲ್ಲ.

ದೋಣಿಯಿಂದ ಇಳಿದ ಮೇಲೆ ನದಿಯ ಮಟ್ಟದಿಂದ ಮೇಲಿನ ರಸ್ತೆಗೆ ಹತ್ತುವ ಮೆಟ್ಟಿಲುಗಳೇ ಹಿರಿಯರಿಗೆ ದೊಡ್ಡ ತೊಡಕು. ಮೆಟ್ಟಿಲು ಹತ್ತದೆ ಮೇಲೆ ಬರುವ ಒಂದು ದಾರಿಯನ್ನು ನಾನು ಹುಡುಕಿಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಸಿಕ್ಕಿ ಕಾಫಿ ಕೊಡಿಸಿದವರಿಗೆ ಹೇಳುತ್ತೇನೆ. ಮೇಲೆ ಬಂದರೆ ಟ್ರಿಬ್ಯೂನ್ ಗೋಪುರ. ಅದರ ಕೆಳಗೋಡೆಯಲ್ಲಿ ಜಗತ್ತಿನ ಹೆಸರಾಂತ ಕಟ್ಟಡಗಳ ಕಲ್ಲಿನ ತುಣುಕುಗಳನ್ನು ಕೂರಿಸಿ ಪಕ್ಕದಲ್ಲಿ ಹೆಸರು ಕೆತ್ತಿದ್ದಾರೆ. ತಾಜಮಹಲಿನ ತುಣುಕನ್ನು ಅಮ್ಮನೇ ಹುಡುಕಿ ತೆಗೆದರು. ಆಗ್ರಾಕ್ಕೆ ಅವರು ಈವರೆಗೆ ಹೋಗಿಲ್ಲ.

ಅಲ್ಲಿಂದ ಬಸ್ಸು. ಮುದುಕರನ್ನು ಕಂಡರೆ ಚಾಲಕ ಬಸ್ಸಿನ ಬಾಗಿಲ ಬದಿಯನ್ನು ಉಸ್ಸೆಂದು ಕೆಳಗಿಳಿಸುತ್ತಾನೆ, ಅಮ್ಮನ ಮಂಡಿಗೆ ಅದು ದೊಡ್ಡ ಉಪಕಾರ. ಕಲ್ಚರಲ್ ಸೆಂಟರ್ ಎಂಬ 1897ರ ಹಳೆಯ ಗ್ರಂಥಾಲಯದ ಕಟ್ಟಡಕ್ಕೆ ಪ್ರವೇಶ ಉಚಿತ, ಒಳಗೆ ಲಿಫ್ಟಿದೆ, ಮೇಲೆ ಸುಮಾರು ಮೂವತ್ತು ಸಾವಿರ ಗಾಜಿನ ಚೂರುಗಳ ಟಿಫಾನಿ ಗುಮ್ಮಟವಿದೆ. ದೋಣಿಯನ್ನು ಎರಡನೆಯದೆಂದು ಎಣಿಸಿದರೆ ಇದು ನನ್ನ ಮೂರನೆಯ ಆಸನ. ಮಧ್ಯಾಹ್ನದ ಊಟ ಎದುರಿನ ಮಿಲೇನಿಯಮ್ ಪಾರ್ಕಿನ ಮರದ ನೆರಳಿನಲ್ಲಿ, ಮನೆಯಿಂದ ತಂದ ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ. ಮೊಸರನ್ನಕ್ಕೆ ರಾತ್ರಿಯೇ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಬೀನ್ ಈ ಸಲ ಬೇಲಿಯಿಲ್ಲದೆ ಸಿಕ್ಕಿತು. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು, 168 ಉಕ್ಕಿನ ತಗಡುಗಳು, ಬೆಸುಗೆಯ ಗುರುತು ಎಲ್ಲೂ ಇಲ್ಲ. ಅಪ್ಪ ಉಗುರಿನಿಂದ ಕೆರೆದು ಹುಡುಕಿ ಸೋತರು.

ಮುಂದೆ ನಾವು ಎರಡು ಗುಂಪಾದೆವು, ದುಡ್ಡು ಉಳಿದದ್ದಕ್ಕೆ ಇದೂ ಒಂದು ಕಾರಣ. ಮುಖದ ಚಿತ್ರದ ಬಾಯಿಯಿಂದ ನೀರು ಚಿಮ್ಮುವ ಕ್ರೌನ್ ಕಾರಂಜಿಯಲ್ಲಿ ಮಗ ನೆನೆಯಲು ಹೋದ, ಅಮ್ಮ ಮತ್ತು ನನ್ನ ಹೆಂಡತಿ ಪಕ್ಕದ ಕಟ್ಟೆಯ ಮೇಲೆ ಟವೆಲ್ ಹಿಡಿದು ಕುಳಿತರು. ನಾನು ಅಪ್ಪನನ್ನು ಮಾತ್ರ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದೆ. ಇಬ್ಬರಿಗೆ ಅರವತ್ತು ಡಾಲರಿನ ಹತ್ತಿರ ಆಯಿತು. ಅಪ್ಪನಿಗೆ ಬೇಕಾಗಿದ್ದು ಚಿತ್ರಗಳಲ್ಲ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಇದೇ ಕಟ್ಟಡದಲ್ಲಿ. ಆಗಿನ ತಾತ್ಕಾಲಿಕ ಸಭಾಂಗಣ ಈಗಿಲ್ಲ, ಆ ಭಾಗದಲ್ಲಿ ಈಗ ಫುಲರ್ಟನ್ ಹಾಲ್ ಇದೆ. ಅದಕ್ಕೆ ಹಿಂದಿನ ವರ್ಷ ಸ್ವಾಮೀಜಿ ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದುದನ್ನು ಅಪ್ಪ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೋ. 2010ರಲ್ಲಿ ಜಿತೀಶ್ ಕಲ್ಲಾಟ್ ಎಂಬ ಮುಂಬಯಿಯ ಕಲಾವಿದ ಆ ಭಾಷಣದ ಮಾತುಗಳನ್ನು ಇಲ್ಲಿನ ದೊಡ್ಡ ಮೆಟ್ಟಿಲಿನ 118 ಹಲಗೆಗಳ ಮೇಲೆ ದೀಪದ ಅಕ್ಷರಗಳಲ್ಲಿ ಮೂಡಿಸಿದ್ದನೆಂದು ಹೇಳಿದಾಗ ಅವರು ಮೆಟ್ಟಿಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಹೊರಗೆ ಮಿಶಿಗನ್ ಅವೆನ್ಯೂದಲ್ಲಿ ಸ್ವಾಮೀಜಿಯ ಹೆಸರಿನ ಕಂದು ಫಲಕದ ಕೆಳಗೆ ಫೋಟೋ ತೆಗೆಸಿಕೊಂಡರು. ಮೊದಲೆರಡು ಸಲವೂ ನಾವು ಇದೇ ಫಲಕದ ಮುಂದೆ ಹಾದುಹೋಗಿದ್ದೆವು, ತಲೆಯೆತ್ತಿ ನೋಡಲು ಪುರಸೊತ್ತಿರಲಿಲ್ಲ. ಆಮೇಲೆ ಕರೆದೊಯ್ದ ಕುಟುಂಬಗಳಲ್ಲಿ ಒಬ್ಬ ಅಜ್ಜಿಗೆ ಒಳಗೆ ಉಚಿತವಾಗಿ ಕೊಡುವ ಗಾಲಿಕುರ್ಚಿ ಪಡೆದುಕೊಂಡೆ, ಕೇಳಿದರೆ ಕೊಡುತ್ತಾರೆ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಚಳಿಗಾಲಕ್ಕೆ ಆದೀತೆಂದು ಜನವರಿಯಲ್ಲಿ ‘ಪೆಡ್‌ವೇ’ ಎಂಬ ನೆಲದಡಿಯ ದಾರಿಯನ್ನು ಪರೀಕ್ಷಿಸಿದೆ. ವಾರಾಂತ್ಯದಲ್ಲಿ ಅಲ್ಲಲ್ಲಿ ಬಾಗಿಲು ಹಾಕಿರುತ್ತಾರೆ, ಎರಡು ಸಲ ದಾರಿ ತಪ್ಪಿ ಹೊರಟಲ್ಲಿಗೇ ಬಂದೆ, ಕೈಬಿಟ್ಟೆ. ಶಿಕಾಗೊದ ದಪ್ಪನೆಯ ‘ಡೀಪ್ ಡಿಶ್’ ಪಿಜ್ಜಾ ಬೇಯಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಹಿರಿಯರನ್ನು ಹೋಟೆಲಿನಲ್ಲಿ ಕಾಯಿಸುವುದು ದಂಡ. ಅದರ ಬದಲು ಅರ್ಧ ಬೇಯಿಸಿದ್ದನ್ನು ಕಟ್ಟಿಸಿಕೊಂಡು ಬಂದು ಮಾರನೆಯ ದಿನ ಮನೆಯ ಓವನ್ನಿನಲ್ಲಿ ಬೇಯಿಸಿದೆ. ಅಪ್ಪ ಅದಕ್ಕೆ ಹುರಿಗಡಲೆ ಚಟ್ನಿಪುಡಿ ಉದುರಿಸಿಕೊಂಡು ಎರಡು ತುಂಡು ತಿಂದರು.

ಕೊನೆಯ ಆಸನ ಬಕಿಂಗ್‌ಹ್ಯಾಮ್ ಕಾರಂಜಿ. 1927ರ ಈ ಕಾರಂಜಿ ಬೇಸಿಗೆಯಲ್ಲಿ ಪ್ರತಿ ಗಂಟೆಗೊಮ್ಮೆ ಇಪ್ಪತ್ತು ನಿಮಿಷ ಎತ್ತರಕ್ಕೆ ಚಿಮ್ಮುತ್ತದೆ, ಆದ್ದರಿಂದ ಐದಕ್ಕೆ ಹತ್ತು ನಿಮಿಷ ಮುಂಚೆ ಅಲ್ಲಿರುವಂತೆ ನೋಡಿಕೊಂಡೆ. ಅದರ ಹಿಂದೆ ಮಿಶಿಗನ್ ಸರೋವರ. ಇದು ಸರೋವರ, ನೀರು ಸಿಹಿ ಎಂದು ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ, ಆಚೆ ದಡ ಕಾಣದ್ದು ಕೆರೆ ಹೇಗಾದೀತು ಎಂದರು. ಗಾಳಿ ಯಾವ ದಿಕ್ಕಿನಿಂದ ಬೀಸಿದರೆ ಎಲ್ಲಿ ಕುಳಿತರೆ ನೆನೆಯುವುದಿಲ್ಲ ಎಂಬ ಲೆಕ್ಕ ಒಂದಿದೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಮಿಶಿಗನ್ ಅವೆನ್ಯೂಗೆ ಮರಳಿ 151ನೇ ನಂಬರಿನ ಬಸ್ಸು ಹಿಡಿದು ಯೂನಿಯನ್ ಸ್ಟೇಷನ್ ತಲುಪಿದಾಗ ಆರು ಗಂಟೆ ಆಗಿತ್ತು. ವಾರಾಂತ್ಯದ ರೈಲುಗಳು ವಿರಳ, ಒಂದು ತಪ್ಪಿದರೆ ಕಾಯುವುದು ಉದ್ದವಾಗುತ್ತದೆ, ಹಾಗಾಗಿ ಅರ್ಧ ಗಂಟೆ ಮೊದಲೇ ಸೇರುವುದು ಒಳ್ಳೆಯದು. ರೈಲಿಗೆ 28, ದೋಣಿಗೆ 38, ಆರ್ಟ್ ಇನ್‌ಸ್ಟಿಟ್ಯೂಟಿಗೆ 58, ಬಸ್ಸಿಗೆ 20ರೊಳಗೆ, ಐಸ್‌ಕ್ರೀಮು ಕಾಫಿಗೆ 25, ಪಿಜ್ಜಾಕ್ಕೆ 30, ಎಲ್ಲ ಸೇರಿ ಇನ್ನೂರು ಡಾಲರ್ ದಾಟಲಿಲ್ಲ. ಹೋಟೆಲ್ ಮಾಡಿ ಎಂದು ಬುದ್ಧಿ ಹೇಳಿದವರ ಅತ್ತೆ ಮಾವ ಮುಂದಿನ ಜೂನಿನಲ್ಲಿ ಬರುತ್ತಿದ್ದಾರಂತೆ. ಆ ನಾಲ್ಕು ಹಾಳೆಗಳ ಕನ್ನಡ ವಿವರಣೆಯನ್ನು ಕಳಿಸಿಕೊಡಿ ಎಂದು ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.