ಹಳೇ ಸಿಬಿಆರ್ ಕೊಂಡ ಕಥೆ: ಫೇರಿಂಗ್ ಬಿಚ್ಚದೆ ದುಡ್ಡು ಬಿಚ್ಚಬೇಡಿ

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದರೆ, ಮಾಲೀಕರಿಗೆ ನಮಸ್ಕಾರ ಹೇಳುವ ಮೊದಲೇ ನನ್ನ ಕೈ ಎಂಜಿನ್ ಮೇಲೆ ಹೋಗುತ್ತದೆ. ಈ ಬುದ್ಧಿ ಬಂದದ್ದು ಸಿಬಿಆರ್ 250ಆರ್ ಎಂಬ ಸ್ಪೋರ್ಟ್ಸ್ ಬೈಕ್ ಹುಡುಕಿದ ಆ ಮೂರು ತಿಂಗಳಲ್ಲಿ. ಅದಕ್ಕೂ ಮುಂಚೆ ನಾನು ಮೊದಲು ನೋಡುತ್ತಿದ್ದದ್ದು ಬಣ್ಣ, ಆಮೇಲೆ ಸೈಲೆನ್ಸರ್ ಸದ್ದು.

ಹೋಂಡಾ ಈ ಬೈಕನ್ನು ನಮ್ಮಲ್ಲಿ ಬಿಟ್ಟದ್ದು 2011ರಲ್ಲಿ. ಆಗ ನಾನು ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದೆ. ಒಂದೂವರೆ ಲಕ್ಷದ ಬೈಕನ್ನು ಶೋರೂಮಿನ ಗಾಜಿನಾಚೆ ನಿಂತು ನೋಡಿದ್ದಷ್ಟೇ. ಒಂದೇ ಸಿಲಿಂಡರು, ನಾಲ್ಕು ವಾಲ್ವು, ನೀರಿನಿಂದ ತಣ್ಣಗಾಗುವ ಎಂಜಿನ್ನು, ಆರು ಗೇರು. ಈಗಿನವರಿಗೆ ಇದೆಲ್ಲ ದೊಡ್ಡದಲ್ಲ, ನನಗೆ ಮಾತ್ರ ಹದಿಮೂರು ವರ್ಷ ಮನಸ್ಸಿನಿಂದ ಹೋಗಿರಲಿಲ್ಲ. ಕಂಪನಿ ಈ ಮಾಡೆಲ್ ನಿಲ್ಲಿಸಿದ ಮೇಲೆ ಹಳೆಯದನ್ನೇ ಹುಡುಕುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೊದಲ ಗಾಡಿ ನೋಡಲು ಮೈಸೂರಿನಿಂದ ಬೆಂಗಳೂರಿಗೆ ಹೋದೆ. ಬೆಳಿಗ್ಗೆ ಹತ್ತಕ್ಕೆ ಬರ್ತೀನಿ ಎಂದು ಹಿಂದಿನ ದಿನವೇ ಹೇಳಿದ್ದೆ. ಹುಡುಗ ಗಾಡಿ ತೊಳೆದು, ಒರೆಸಿ, ಗೇಟಿನ ಹೊರಗೆ ನಿಲ್ಲಿಸಿದ್ದ. "ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ ಬ್ರೋ, ನೋಡಿ" ಎಂದ. ಆಯಿತು ಕೂಡ. ನಾನು ಖುಷಿಯಿಂದ ಒಂದು ಸುತ್ತು ಹೊಡೆದು ಬಂದೆ, ಅಡ್ವಾನ್ಸ್ ಐದು ಸಾವಿರ ಕೊಡಲು ಜೇಬಿಗೂ ಕೈ ಹಾಕಿದ್ದೆ. ಆಗ ಮೈಸೂರಿನ ನಮ್ಮ ಗ್ಯಾರೇಜಿನ ಭಾಯ್‌ಗೆ ಒಂದು ಫೋನ್ ಮಾಡೋಣ ಅನ್ನಿಸಿತು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ನೀವು ಹೋದಾಗ ಎಂಜಿನ್ ತಣ್ಣಗಿತ್ತಾ?"

ನಾನು ನೋಡಿರಲೇ ಇಲ್ಲ. ಟೀ ಕುಡಿದು ಬರ್ತೀನಿ ಎಂದು ಹುಡುಗನಿಗೆ ಹೇಳಿ ಹೋದವನು ಮೂರು ಗಂಟೆ ಬಿಟ್ಟು ವಾಪಸ್ ಬಂದೆ. ಅವನಿಗೆ ಅದು ಇಷ್ಟವಾಗಲಿಲ್ಲ. ತಣ್ಣಗಾದ ಎಂಜಿನ್ನನ್ನು ಸ್ಟಾರ್ಟ್ ಮಾಡಿಸಿದರೆ ಮೂರನೇ ಸಲಕ್ಕೆ ಹತ್ತಿತು. ಹತ್ತಿದ ಕೂಡಲೇ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂತೆ ಕಟಕಟ ಸದ್ದು, ಹಿಂದಿನಿಂದ ನೀಲಿ ಹೊಗೆ. ಎರಡು ನಿಮಿಷ ಓಡಿದ ಮೇಲೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿದ್ದರೆ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಸೋತಿದ್ದರೆ, ವಾಲ್ವ್ ಸೀಲಿನಿಂದ ರಾತ್ರಿಯೆಲ್ಲ ಆಯಿಲ್ ಒಳಗೆ ಇಳಿದಿದ್ದರೆ ಅದು ಚೆನ್ನಾಗಿ ಗೊತ್ತಾಗುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ಸವೆದ ಬ್ಯಾಟರಿಯ ಗುಟ್ಟೂ ಅಲ್ಲೇ ರಟ್ಟಾಗುತ್ತದೆ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ. ಈಗ ನಾನು ಫೋನಿನಲ್ಲೇ ಹೇಳಿಬಿಡುತ್ತೇನೆ: ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ. ಹಾಗೆ ಹೇಳಿಯೂ ಎಂಜಿನ್ ಬಿಸಿ ಇದ್ದರೆ ಗಾಡಿಗಿಂತ ಮೊದಲು ಮನುಷ್ಯನ ಮೇಲೆ ಅನುಮಾನ ಪಡಬೇಕು.

ಎರಡನೆಯದೂ ಬೆಂಗಳೂರಿನದೇ. ಈ ಸಲ ಭಾಯ್‌ನ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋದೆ. ಆ ಗಾಡಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಕೆಂಪು ಬಣ್ಣ ಫಳಫಳ, ಎಲ್ಲೂ ಒಂದು ಗೀರಿಲ್ಲ. ಭಾಯ್ ಮುಖ ಮಾತ್ರ ಸಪ್ಪಗಾಯಿತು. "ಹನ್ನೆರಡು ವರ್ಷದ ಗಾಡಿಗೆ ಗೀರಿಲ್ಲ ಅಂದ್ರೆ ಏನರ್ಥ ಸಾರ್?" ಎಂದು ಕಿವಿಯಲ್ಲಿ ಕೇಳಿದ.

ಸ್ಪೋರ್ಟ್ಸ್ ಬೈಕಿನ ತೊಂದರೆಯೇ ಇದು. ಸ್ಪ್ಲೆಂಡರ್ ಬಿದ್ದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಇದು ಬಿದ್ದರೆ ಮೈ ಮುಚ್ಚುವ ಪ್ಲಾಸ್ಟಿಕ್ ಕವಚ, ಅಂದರೆ ಫೇರಿಂಗ್, ಹೊಸದು ಹಾಕಿ, ಬಣ್ಣ ಹೊಡೆದು, ಸ್ಟಿಕ್ಕರ್ ಅಂಟಿಸಿದರೆ ಬಿದ್ದದ್ದೇ ಸುಳ್ಳಾಗುತ್ತದೆ. ಆದರೆ ಬಣ್ಣ ಹೊಡೆಯುವವನು ಮರೆಯುವ ಜಾಗಗಳು ಕೆಲವಿವೆ. ಬ್ರೇಕ್ ಮತ್ತು ಕ್ಲಚ್ ಲಿವರಿನ ತುದಿಯ ಗುಂಡು, ಹ್ಯಾಂಡಲ್ ಕೊನೆಯ ತೂಕದ ಬಿರಡೆ, ಫುಟ್‌ರೆಸ್ಟಿನ ಅಂಚು, ಎಂಜಿನ್ ಕವರಿನ ಕೆಳಭಾಗ, ಸೈಲೆನ್ಸರಿನ ಹೊರಮೈ. ಇಲ್ಲಿ ಉಜ್ಜಿದ ಗುರುತಿದ್ದರೆ ಗಾಡಿ ಬಿದ್ದಿದೆ ಎಂದರ್ಥ. ಇವುಗಳಲ್ಲಿ ಒಂದು ಬದಿಯದು ಮಾತ್ರ ಹೊಸದಾಗಿದ್ದರೂ ಲೆಕ್ಕ ಅದೇ. ಇವಕ್ಕೆಲ್ಲ ಮಿಗಿಲಾದದ್ದು ಹ್ಯಾಂಡಲ್ ಸ್ಟಾಪರ್. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಕೆಳಗಿನ ಫೋರ್ಕ್ ಕ್ಲ್ಯಾಂಪು ಚಾಸಿಸ್ಸಿಗೆ ತಾಗಿ ನಿಲ್ಲುವ ಚಿಕ್ಕ ಕಬ್ಬಿಣದ ಮುಂಚಾಚು ಅದು. ಮುಂದಿನ ಚಕ್ರಕ್ಕೆ ಜೋರಾಗಿ ಏಟು ಬಿದ್ದರೆ ಆ ಮುಂಚಾಚು ಜಜ್ಜಿಹೋಗುತ್ತದೆ. ಅದನ್ನು ಸರಿಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಭಾಯ್ ಟಾರ್ಚ್ ಹಾಕಿ ತೋರಿಸಿದ. ಬಲಗಡೆಯದು ಚಪ್ಪಟೆಯಾಗಿತ್ತು. ಹೆಡ್‌ಲೈಟ್ ಹಿಡಿದಿರುವ ಕಬ್ಬಿಣದ ಚೌಕಟ್ಟಿನಲ್ಲಿ ಕಪ್ಪು ಸ್ಪ್ರೇ ಅಡಿಯಲ್ಲಿ ವೆಲ್ಡಿಂಗ್ ಗಂಟು. ಒಂದು ಬದಿಯ ಫೇರಿಂಗ್ ಬಿಚ್ಚಿ ನೋಡಬಹುದಾ ಎಂದು ಮಾರುವವನನ್ನು ಕೇಳಿದೆ. "ಅದೆಲ್ಲ ಬೇಡ ಬ್ರೋ, ಲಾಕ್ ಮುರಿಯುತ್ತೆ" ಎಂದ. ನಾವು ಥ್ಯಾಂಕ್ಸ್ ಹೇಳಿ ಮೆಜೆಸ್ಟಿಕ್ ಬಸ್ಸು ಹತ್ತಿದೆವು.

ಮೂರನೆಯದು ನಮ್ಮೂರಲ್ಲೇ, ಕುವೆಂಪುನಗರದಲ್ಲಿ ಸಿಕ್ಕಿತು ಅಂದರೆ ನಗಬೇಡಿ. ಕೆಎ-09 ನಂಬರು, 2012ರದು, 38,000 ಕಿಲೋಮೀಟರ್. ಕಾಲೇಜು ಮೇಷ್ಟ್ರೊಬ್ಬರ ಗಾಡಿ, ಅವರೇ ಮೊದಲ ಓನರ್. ಬೆನ್ನು ನೋವು ಬಂದು ಸ್ಕೂಟರಿಗೆ ಇಳಿದಿದ್ದರು. ಬೈಕಿನ ಮೇಲೆ ಧೂಳು, ಟ್ಯಾಂಕಿನ ಮೇಲೆ ಪ್ಯಾಂಟಿನ ಬೆಲ್ಟ್ ತಾಗಿದ ಗೀರು, ಎಡ ಫೇರಿಂಗಿನಲ್ಲಿ ನಿಂತಲ್ಲೇ ಬಿದ್ದ ಉಜ್ಜು. "ಇದು ನಮ್ಮ ಗೇಟಿನ ಹತ್ರ ಸೈಡ್ ಸ್ಟ್ಯಾಂಡ್ ಜಾರಿ ಬಿದ್ದದ್ದು ನೋಡಿ" ಎಂದು ಅವರೇ ತೋರಿಸಿದರು. ಫೇರಿಂಗ್ ಬಿಚ್ಚಲಾ ಸಾರ್ ಎಂದಾಗ, "ಬಿಚ್ಚಿ, ಆದ್ರೆ ಸ್ಕ್ರೂ ಒಂದೂ ಕಳೀಬಾರದು" ಎಂದು ಒಂದು ಸ್ಟೀಲ್ ಬಟ್ಟಲು ತಂದುಕೊಟ್ಟರು. ಅಲ್ಲಿಗೆ ನನಗೆ ಮುಕ್ಕಾಲು ಧೈರ್ಯ ಬಂತು.

ಪ್ಲಾಸ್ಟಿಕ್ ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಒಳಗೆ ನೋಡಬೇಕಾದದ್ದು: ರೇಡಿಯೇಟರ್ ಕೆಳಗಿನ ಹಿಡಿಕೆ ಬಾಗಿದೆಯೇ, ರೆಕ್ಕೆಗಳು ಚಪ್ಪಟೆಯಾಗಿವೆಯೇ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತಿರುತ್ತದೆ, ಅಲ್ಲಿಂದ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಜಿನುಗಿ ಒಣಗಿದ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ ಎಂದರ್ಥ. ವೈರಿಂಗನ್ನು ಯಾರಾದರೂ ಕತ್ತರಿಸಿ, ಟೇಪ್ ಸುತ್ತಿ, ಎಲ್‌ಇಡಿಗೋ ಜೋರು ಹಾರನ್ನಿಗೋ ಕೊಟ್ಟಿದ್ದಾರೆಯೇ. ನನ್ನ ಮಟ್ಟಿಗೆ, ಎಂಜಿನ್ ಕೆಲಸ ಬಂದರೆ ಖರ್ಚು ಇಷ್ಟು ಎಂದು ಹೇಳಬಹುದು. ಗಲೀಜು ವೈರಿಂಗ್ ಬಂದರೆ ಗಾಡಿ ಯಾವ ರಾತ್ರಿ ಎಲ್ಲಿ ಕೈಕೊಡುತ್ತದೆ ಎಂದು ದೇವರೇ ಹೇಳಬೇಕು. ಮೇಷ್ಟ್ರ ಗಾಡಿಯಲ್ಲಿ ಕಂಪನಿಯ ಟೇಪ್ ಹಾಗೇ ಇತ್ತು.

ಆಮೇಲೆ ತಣ್ಣನೆ ಎಂಜಿನ್ನಿನಲ್ಲೇ ರೇಡಿಯೇಟರ್ ಮುಚ್ಚಳ ತೆಗೆದೆವು. ಬಿಸಿ ಇದ್ದಾಗ ಇದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಹಸಿರಾಗಿತ್ತು. ತುಕ್ಕಿನ ಬಣ್ಣ ಇದ್ದರೆ ನಲ್ಲಿ ನೀರು ಸುರಿದಿದ್ದಾರೆ ಎಂದು ತಿಳಿಯಬೇಕು. ಆಯಿಲ್ ಮುಚ್ಚಳದ ಒಳಗೆ ಕಾಫಿಯ ಕೆನೆಯಂಥದ್ದು ಅಂಟಿದ್ದರೆ ಆಯಿಲಿಗೆ ನೀರು ಸೇರಿದೆಯೇ ಎಂದು ಯೋಚಿಸಬೇಕು. ಹಾಗೇನೂ ಇರಲಿಲ್ಲ.

ಕೀ ಹಾಕಿದಾಗ ಪೆಟ್ರೋಲ್ ಪಂಪಿನ ಗುಂಯ್ ಸದ್ದು ಬಂದು ನಿಲ್ಲಬೇಕು, ಮೀಟರಿನಲ್ಲಿ ಎಂಜಿನ್ ದೀಪ ಹತ್ತಿ ಆರಬೇಕು. ದೀಪ ಆರದಿದ್ದರೆ ತೊಂದರೆ, ಹತ್ತದೇ ಇದ್ದರೆ ಇನ್ನೂ ದೊಡ್ಡ ತೊಂದರೆ: ಯಾರೋ ದೀಪವನ್ನೇ ಸಾಯಿಸಿದ್ದಾರೆ. ಜೋರು ಬ್ರೇಕಿಗೆ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಮಾಡೆಲ್ ಆದರೆ ಆ ದೀಪ ಕೀ ಹಾಕಿದಾಗ ಹತ್ತಿರಬೇಕು, ಗಾಡಿ ನಾಲ್ಕು ಮಾರು ಓಡಿದ ಮೇಲೆ ಆರಬೇಕು. ಭಾಯ್ ಮಲ್ಟಿಮೀಟರ್ ಇಟ್ಟು ಬ್ಯಾಟರಿ ನೋಡಿದ. ನಿಂತಾಗ 12.3 ವೋಲ್ಟ್, ಓಡುವಾಗ 14.1. ಅಂದರೆ ಚಾರ್ಜಿಂಗ್ ಸರಿ ಇದೆ, ಬ್ಯಾಟರಿಗೆ ಮಾತ್ರ ವಯಸ್ಸಾಗಿದೆ. ಸ್ಟಾರ್ಟ್ ಆದ ಮೇಲೆ ಐಡ್ಲಿಂಗ್ ಸ್ವಲ್ಪ ಏರಿದ್ದು ನಿಧಾನಕ್ಕೆ 1,400ರ ಆಸುಪಾಸಿಗೆ ಇಳಿಯಿತು. ಅಲ್ಲಿಗೆ ಬಿಡಲಿಲ್ಲ. ನಿಂತಲ್ಲೇ ಓಡಲು ಬಿಟ್ಟು ಮೇಷ್ಟ್ರ ಮನೆಯವರು ಕೊಟ್ಟ ಕಾಫಿ ಕುಡಿದೆವು. ಫ್ಯಾನ್ ತಿರುಗಿ, ನಿಂತು, ಮತ್ತೆ ತಿರುಗುವವರೆಗೂ ಕಾದೆವು. ಸಿಗ್ನಲ್ಲಿನಲ್ಲಿ ಕುದಿಯುವ ಬೈಕನ್ನು ಮನೆಮುಂದೆಯೇ ಹಿಡಿಯುವ ಉಪಾಯ ಇದು.

ಕಾಲು ಗಂಟೆ ಹೋದದ್ದು ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹತ್ತಿರ. ಪ್ಯಾಡಾಕ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಹ್ಯಾಂಡಲನ್ನು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದರೆ ನಟ್ಟನಡುವೆ ಬಂದಾಗ 'ಟಕ್' ಎಂದು ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ನಮ್ಮ ಹಂಪು, ಗುಂಡಿಗಳ ಮೇಲೆ 38,000 ಕಿಲೋಮೀಟರ್ ಓಡಿದ ಗಾಡಿಯ ಬೇರಿಂಗು ಅಲ್ಲಿ ಹಳ್ಳ ಬಿದ್ದಿರುತ್ತದೆ. ಹಾಗೇ ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಎಳೆದು ನೋಡಬೇಕು, ಹಿಂದಿನ ಚಕ್ರವನ್ನು ಅಕ್ಕಪಕ್ಕ ಅಲ್ಲಾಡಿಸಿ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ನೋಡಬೇಕು. ಫೋರ್ಕಿನ ಹೊಳೆಯುವ ಪೈಪಿಗೆ ಬಿಳಿ ಬಟ್ಟೆ ಉಜ್ಜಿದೆ. ಬಲಗಡೆ ಆಯಿಲಿನ ಉಂಗುರ ಮೂಡಿತು, ಸೀಲ್ ಹೋಗಿದೆ. ಪೈಪಿನಲ್ಲಿ ತುಕ್ಕಿನ ಚುಕ್ಕೆ ಇಲ್ಲದ್ದರಿಂದ ಬರೀ ಸೀಲ್ ಖರ್ಚು. ಚುಕ್ಕೆ ಇದ್ದಿದ್ದರೆ ಎಷ್ಟು ಸೀಲ್ ಹಾಕಿದರೂ ಹರಿಯುತ್ತಿತ್ತು.

ಬ್ರೇಕ್ ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತಾರೆ, ವರ್ನಿಯರ್ ಇಟ್ಟರೆ ಮುಗಿಯಿತು. ಚೈನನ್ನು ಹಿಂದಿನ ಸ್ಪ್ರಾಕೆಟಿನ ಹಿಂಬದಿಯಿಂದ ಎಳೆದಾಗ ಅರ್ಧ ಹಲ್ಲು ಹೊರಗೆ ಕಂಡರೆ ಅದರ ಆಯಸ್ಸು ಮುಗಿದಿದೆ, ಇದರದು ಮುಗಿದಿತ್ತು. ಟೈರು ನೋಡಲು ಹೊಸದರಂತಿತ್ತು, ಮೇಲಿನ ಗೆರೆಗಳು ಆಳವಾಗಿಯೇ ಇದ್ದವು. ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದಿದೆ: 2316. ಅಂದರೆ 2016ರ 23ನೇ ವಾರ. ಕಡಿಮೆ ಓಡಿದ ಗಾಡಿಯ ಟೈರು ಸವೆಯುವುದಿಲ್ಲ, ಕಲ್ಲಾಗುತ್ತದೆ. ಮಳೆಯಲ್ಲಿ ಇಂಥ ಟೈರನ್ನು ನಂಬಿ ಬಾಗಿದರೆ ನೇರ ಚರಂಡಿಗೆ.

ಟೆಸ್ಟ್ ರೈಡಿಗೆ ರಿಂಗ್ ರೋಡಿಗೆ ಹೋದೆ. ನಾನು ಮಾಡಿದ್ದು ಮೂರೇ ಕೆಲಸ. 60ರಲ್ಲಿ ಹ್ಯಾಂಡಲ್ ಹಿಡಿತ ಸಡಿಲಿಸಿ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಎಂದು ನೋಡಿದೆ. ಎರಡನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಗೇರ್ ಜಾರುತ್ತದೆಯೇ, ಕ್ಲಚ್ ಜಾರುತ್ತದೆಯೇ ಎಂದು ನೋಡಿದೆ. ಆಮೇಲೆ ಖಾಲಿ ಜಾಗದಲ್ಲಿ ಎರಡೂ ಬ್ರೇಕ್ ಹಿಡಿದೆ. ಟಾಪ್ ಸ್ಪೀಡ್ ನೋಡಲಿಲ್ಲ. ಅಷ್ಟು ಹಳೇ ಟೈರಿನ ಮೇಲೆ ಅದು ಬೇಕಿಲ್ಲ.

ಮೀಟರಿನ ಕಿಲೋಮೀಟರನ್ನು ನಾನು ನಂಬುವುದಿಲ್ಲ, ಡಿಜಿಟಲ್ ಮೀಟರನ್ನೂ ತಿರುಚುವವರಿದ್ದಾರೆ. ಸರ್ವಿಸ್ ಬಿಲ್ಲುಗಳನ್ನು ನಂಬುತ್ತೇನೆ. ಮೇಷ್ಟ್ರ ಫೈಲಿನಲ್ಲಿ 2012ರಿಂದ ಪ್ರತಿ ಬಿಲ್ಲೂ ಇತ್ತು, ಪಂಕ್ಚರ್ ಚೀಟಿ ಸಮೇತ.

ಕಾಗದದ ವಿಷಯದಲ್ಲಿ ಒಂದು ಸಂಜೆ ಕೂತೆ. ಸರ್ಕಾರದ ಪರಿವಾಹನ್ ಪೋರ್ಟಲ್ಲಿನಲ್ಲಿ ನಂಬರು ಹಾಕಿದರೆ ಬ್ಯಾಂಕಿನ ಸಾಲ ಇನ್ನೂ ಆರ್‌ಸಿಯಲ್ಲಿ ಹಾಗೇ ಕಂಡಿತು. ಮೇಷ್ಟ್ರು ಸಾಲ ತೀರಿಸಿ ಹತ್ತು ವರ್ಷವಾಗಿತ್ತು, ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಸಾಲದ ನಮೂದು, ಕ್ಯಾನ್ಸಲ್ ಮಾಡಿಸಿರಲಿಲ್ಲ, ಸಾಲ ತೀರಿದೆ ಎಂದು ಬ್ಯಾಂಕ್ ಕೊಟ್ಟ ಎನ್‌ಒಸಿಯೂ ಹಳೆಯದಾಗಿತ್ತು. ಹೊಸ ಎನ್‌ಒಸಿ, ಫಾರಂ 35 ಎಂದು ಅವರೇ ಓಡಾಡಿ ಮುಗಿಸುವವರೆಗೆ ನಾನು ಪೂರ್ತಿ ಹಣ ಕೊಡಲಿಲ್ಲ. ಟ್ರಾಫಿಕ್ ದಂಡ ಏಳು ಬಾಕಿ ಇತ್ತು, ಏಳೂ ಮಗನ ಹೆಲ್ಮೆಟ್ ಇಲ್ಲದ ಸವಾರಿ. ಮೇಷ್ಟ್ರಿಗೆ ಅದು ನನ್ನಿಂದಲೇ ಗೊತ್ತಾದದ್ದು. ಮಗನಿಗೆ ಆ ರಾತ್ರಿ ಏನಾಯಿತೋ ನಾನು ಕೇಳಲಿಲ್ಲ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿದೆ. ಇನ್ನೊಂದು ಲೆಕ್ಕ ಹಲವರು ಮರೆಯುತ್ತಾರೆ: 2012ರ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಜೋರು ಸದ್ದಿನ ಹೊರಗಿನ ಸೈಲೆನ್ಸರ್ ಹಾಕಿದ್ದರೆ ಒರಿಜಿನಲ್ ಎಲ್ಲಿದೆ ಎಂದು ಕೊಳ್ಳುವ ದಿನವೇ ಕೇಳಿ ಇಸಿದುಕೊಳ್ಳಿ. ಎರಡನೇ ಕೀಯನ್ನೂ.

ಮೇಷ್ಟ್ರು 95,000 ಹೇಳಿದ್ದರು. ನಾನು ಚೌಕಾಶಿ ಮಾಡಲಿಲ್ಲ, ಭಾಯ್ ಬರೆದ ಚೀಟಿ ಮುಂದಿಟ್ಟೆ: ಎರಡು ಟೈರು, ಚೈನ್ ಸೆಟ್, ಕೋನ್‌ಸೆಟ್, ಫೋರ್ಕ್ ಸೀಲ್, ಬ್ಯಾಟರಿ, ಪೆಟ್ರೋಲ್ ಪೈಪು. ಪೈಪು ಯಾಕೆ ಎಂದರೆ ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಆ ಕಾಲದ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಒಟ್ಟು 27,000 ಆಯಿತು. ಅವರು ಕನ್ನಡಕ ಹಾಕಿ ಎರಡು ಸಲ ಓದಿ, ಬ್ಯಾಟರಿಗೆ ಟಿಕ್ ಹಾಕಿ, "ಇದು ನಂದಲ್ಲ, ವಯಸ್ಸಿನದು" ಎಂದರು. 78,000ಕ್ಕೆ ಮುಗಿಯಿತು. ಗಾಡಿ ನನ್ನ ಹೆಸರಿಗೆ ಬದಲಾಯಿಸುವ ಫಾರಂ 29, 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡೆ, ಇನ್ಶೂರೆನ್ಸ್ ಕೂಡ ನನ್ನ ಹೆಸರಿಗೆ ಮಾಡಿಸಿದೆ. ಗಾಡಿಯನ್ನು ನೇರ ಗ್ಯಾರೇಜಿಗೆ ಒಯ್ದೆ. ಚೀಟಿಯ ಕೆಲಸವೆಲ್ಲ ಮುಗಿಯುವವರೆಗೆ ಹೆದ್ದಾರಿ ಹತ್ತಲಿಲ್ಲ. ಹತ್ತಿದರೂ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರಿಂದ ಬೈಕಿಗೆ ಪ್ರವೇಶವಿಲ್ಲ. ನನ್ನ ಹದಿಮೂರು ವರ್ಷದ ಕನಸು ಸರ್ವಿಸ್ ರೋಡಿನಲ್ಲಿ ಎಮ್ಮೆಗಳ ಹಿಂದೆ ಹೋಗುತ್ತದೆ.

ಮೊನ್ನೆ ಎಡಗಡೆ ಫೇರಿಂಗಿನ ಆ ಉಜ್ಜಿಗೆ ಬಣ್ಣ ಹೊಡೆಸೋಣವಾ ಎಂದು ಭಾಯ್‌ನ ಕೇಳಿದೆ. "ಬೇಡ ಸಾರ್, ಹಾಗೇ ಇರ್ಲಿ" ಎಂದ. "ನಾಳೆ ನೀವು ಮಾರೋಕೆ ನಿಂತಾಗ ನನ್ನಂಥವನು ಒಬ್ಬ ಟಾರ್ಚ್ ಹಿಡ್ಕೊಂಡು ಬರ್ತಾನೆ."